ವಿದ್ಯಾರ್ಥಿಗಳ ಮ್ಯೂಸಿಕ್ ವಿಡಿಯೊ: ಹಾಡಿನ ಫೈಲ್‌ನಿಂದ ಅಪ್‌ಲೋಡ್‌ವರೆಗೆ

ಮ್ಯೂಸಿಕ್ ವಿಡಿಯೊ ಮಾಡಲು ಹೊರಟ ವಿದ್ಯಾರ್ಥಿ ತಂಡಗಳು ಎಡವುವುದು ಕ್ಯಾಮೆರಾ ಚೆನ್ನಾಗಿಲ್ಲದ್ದಕ್ಕಲ್ಲ. ಎಡಿಟಿಂಗ್‌ಗೆ ಕೂತಾಗ ತುಟಿಗೂ ದನಿಗೂ ತಾಳೆಯಾಗುವುದಿಲ್ಲ, ಎರಡನೇ ಚರಣಕ್ಕೆ ಹಾಕಲು ಶಾಟ್‌ಗಳೇ ಉಳಿದಿರುವುದಿಲ್ಲ. ಎರಡೂ ತೊಂದರೆಗಳ ಬೇರು ಚಿತ್ರೀಕರಣಕ್ಕಿಂತ ಮೊದಲೇ ಇರುತ್ತದೆ. ಎರಡು ಮೊಬೈಲ್, ಒಂದು ಟ್ರೈಪಾಡ್, ಒಂದು ಸ್ಪೀಕರ್, ಒಂದು ಲ್ಯಾಪ್‌ಟಾಪ್ ಇದ್ದರೆ ಮೂರೂವರೆ ನಿಮಿಷದ ಹಾಡಿಗೆ ಒಳ್ಳೆಯ ವಿಡಿಯೊ ಮಾಡಬಹುದು. ಆದರೆ ಪ್ರತಿ ಹೆಜ್ಜೆಯೂ ಹಾಡಿನ ಅವಧಿಯ ಲೆಕ್ಕಕ್ಕೆ ಕಟ್ಟುಬಿದ್ದಿರಬೇಕು.

ಹಾಡು ಯಾರದು?

ಹಾಡಿನಲ್ಲಿ ಎರಡು ಬೇರೆ ಬೇರೆ ಹಕ್ಕುಗಳಿವೆ: ಸಾಹಿತ್ಯ–ಸಂಗೀತದ್ದು ಒಂದು ಕಡೆ, ಆ ಧ್ವನಿಮುದ್ರಣದ್ದು ಇನ್ನೊಂದು ಕಡೆ. ಸಿನಿಮಾ ಹಾಡನ್ನು ನೀವೇ ಹೊಸದಾಗಿ ಹಾಡಿ ರೆಕಾರ್ಡ್ ಮಾಡಿದರೂ ಸಾಹಿತ್ಯ–ಸಂಗೀತದ ಹಕ್ಕು ನಿಮಗೆ ಬರುವುದಿಲ್ಲ. ‘ಕ್ರೆಡಿಟ್ ಹಾಕಿದರೆ ಸಾಕು’ ಎನ್ನುವುದು ತಪ್ಪು ತಿಳಿವಳಿಕೆ. ಗೆಳೆಯರ ಬ್ಯಾಂಡ್‌ನ ಸ್ವಂತ ಹಾಡೇ ಎಲ್ಲಕ್ಕಿಂತ ಒಳ್ಳೆಯದು. ಬರಹದಲ್ಲಿ ಒಪ್ಪಿಗೆ ಪಡೆದಿಟ್ಟುಕೊಳ್ಳಿ. ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ (ಷರತ್ತುಗಳೊಡನೆ ಬಳಸಲು ಹಕ್ಕುದಾರರೇ ಮೊದಲೇ ಅನುಮತಿ ಕೊಟ್ಟಿರುವ) ಹಾಡು ಹುಡುಕುವುದಾದರೆ ‘ಎನ್‌ಡಿ’ (ನೋ ಡೆರಿವೇಟಿವ್ಸ್) ಎಂದಿರುವುದನ್ನು ಮುಟ್ಟಬೇಡಿ. ಹಾಡನ್ನು ದೃಶ್ಯಕ್ಕೆ ಹೊಂದಿಸಿದರೆ ಅದು ರೂಪಾಂತರ ಎಂದು ಆ ಪರವಾನಗಿಯಲ್ಲೇ ಇದೆ, ಮತ್ತು ಎನ್‌ಡಿ ಇದ್ದರೆ ರೂಪಾಂತರವನ್ನು ಹಂಚುವಂತಿಲ್ಲ. ‘ಎಸ್‌ಎ’ (ಶೇರ್ ಅಲೈಕ್) ಎಂದಿದ್ದರೆ ನಿಮ್ಮ ವಿಡಿಯೊಗೂ ಅದೇ ಪರವಾನಗಿ ಕೊಡಬೇಕು.

ಕ್ಯಾಮೆರಾ ಮುಂದೆ ಬರುವವರೆಲ್ಲರ ಒಪ್ಪಿಗೆಯೂ ಬೇಕು. ಹದಿನೆಂಟು ತುಂಬದವರಿದ್ದರೆ ಪೋಷಕರ ಸಹಿ ತೆಗೆದುಕೊಳ್ಳಿ.

ಒಂದೇ ಮಾಸ್ಟರ್ ಫೈಲ್

ಹಾಡಿನ ಡಬ್ಲ್ಯೂಎವಿ ಫೈಲ್ ಒಂದನ್ನು 48 ಕಿಲೊಹರ್ಟ್ಸ್‌ನಲ್ಲಿ ಸಿದ್ಧಮಾಡಿ, ಅದನ್ನೇ ಮಾಸ್ಟರ್ ಎಂದು ಹೆಸರಿಸಿ. ಸ್ಪೀಕರ್‌ನಲ್ಲಿ ನುಡಿಸಲು, ಎಡಿಟಿಂಗ್‌ಗೆ, ಕೊನೆಯ ಔಟ್‌ಪುಟ್‌ಗೆ ಎಲ್ಲಕ್ಕೂ ಇದೊಂದೇ ಮೂಲ. ಯಾರದೋ ಮೊಬೈಲ್‌ನಲ್ಲಿದ್ದ ಹಾಡನ್ನು ಶೂಟಿಂಗ್‌ನಲ್ಲಿ ನುಡಿಸಿ, ಎಡಿಟಿಂಗ್‌ಗೆ ಬೇರೊಂದು ಪ್ರತಿ ತಂದರೆ ಶುರುವಿನ ಮೌನ, ಮಧ್ಯದ ಬಿಜಿಎಂ (ಹಾಡಿಲ್ಲದ ವಾದ್ಯಸಂಗೀತ) ಉದ್ದ ಎರಡರಲ್ಲೂ ವ್ಯತ್ಯಾಸ ಬರಬಹುದು. ಮಿಕ್ಸಿಂಗ್ ಇನ್ನೂ ಮುಗಿದಿಲ್ಲವಾದರೂ ತೊಂದರೆಯಿಲ್ಲ. ವೇಗ, ಶುರು, ಉದ್ದ ಈ ಮೂರು ಮಾತ್ರ ಇನ್ನು ಬದಲಾಗಬಾರದು.

ಆಡಾಸಿಟಿ ಎಂಬ ಧ್ವನಿ ಎಡಿಟಿಂಗ್ ತಂತ್ರಾಂಶದಲ್ಲಿ ಮಾಸ್ಟರ್‌ನ ಒಂದು ನಕಲು ಮಾಡಿ, ಹಾಡಿಗೆ ಮುಂಚೆ ತಾಳದ ವೇಗದಲ್ಲೇ ನಾಲ್ಕು ಬೀಪ್ ಸೇರಿಸಿ. ಶೂಟಿಂಗ್‌ನಲ್ಲಿ ನುಡಿಸುವುದು ಈ ನಕಲನ್ನು. ಹಾಡುವವರಿಗೆ ಎತ್ತುಗಡೆ ಸಿಗುತ್ತದೆ, ಎಡಿಟರ್‌ಗೆ ಹೊಂದಿಸಲು ಗುರುತೂ ಸಿಗುತ್ತದೆ.

ಸ್ಪ್ರೆಡ್‌ಶೀಟ್: ಅರ್ಧ ಕೆಲಸ ಇಲ್ಲೇ

ಹಾಡನ್ನು ಭಾಗ ಮಾಡಿ: ಆರಂಭದ ಬಿಜಿಎಂ, ಪಲ್ಲವಿ, ಚರಣ, ಮಧ್ಯದ ಬಿಜಿಎಂ, ಮತ್ತೆ ಪಲ್ಲವಿ. ಪ್ರತಿ ಸಾಲಿಗೂ ಸಮಯ, ಸಾಹಿತ್ಯ, ಶಾಟ್ ನಂಬರ್, ಜಾಗ, ಉಡುಪು, ಬೇಕಾದ ವಸ್ತು ಎಂಬ ಕಾಲಂಗಳಿರಲಿ. ಹಂಚಿಕೊಂಡ ಆನ್‌ಲೈನ್ ಶೀಟ್ ಆದರೆ ಇಡೀ ತಂಡ ಒಂದೇ ಪ್ರತಿಯನ್ನು ನೋಡುತ್ತದೆ.

ಈಗ ಲೆಕ್ಕ. ಮೂರೂವರೆ ನಿಮಿಷ ಅಂದರೆ 210 ಸೆಕೆಂಡ್. ಒಂದು ಶಾಟ್ ಸರಾಸರಿ 3 ಸೆಕೆಂಡ್ ನಿಂತರೆ 70 ಕಟ್ ಬೇಕು. ಅಷ್ಟಕ್ಕೂ ಬೇರೆ ಬೇರೆ ಸೆಟಪ್ (ಕ್ಯಾಮೆರಾ, ಬೆಳಕು ಇಡುವ ಜೋಡಣೆ) ಬೇಡ, 12ರಿಂದ 15 ಸಾಕು. ಆದರೆ ಶೀಟ್‌ನಲ್ಲಿ ಯಾವ ಭಾಗದ ಕಾಲಂ ಖಾಲಿ ಇದೆ ಎಂಬುದು ಈಗಲೇ ಕಣ್ಣಿಗೆ ಬೀಳಬೇಕು. ಸಾಮಾನ್ಯವಾಗಿ ಅದು ಎರಡನೇ ಚರಣ. ಅಲ್ಲಿಗೆ ಹೊಸ ಜಾಗವನ್ನೋ ಹೊಸ ಉಡುಪನ್ನೋ ಮೀಸಲಿಡಿ.

ತಾಳದ ವೇಗವನ್ನೂ ಬರೆದಿಡಿ. ನಿಮಿಷಕ್ಕೆ 100 ಬೀಟ್ ಇರುವ ಹಾಡಿನಲ್ಲಿ ಒಂದು ಬೀಟ್ 0.6 ಸೆಕೆಂಡ್, ಸೆಕೆಂಡಿಗೆ 25 ಫ್ರೇಮ್ ಲೆಕ್ಕದಲ್ಲಿ 15 ಫ್ರೇಮ್. ನಾಲ್ಕು ಬೀಟ್‌ನ ಒಂದು ಆವರ್ತಕ್ಕೆ 60 ಫ್ರೇಮ್. ಕ್ಯಾಮೆರಾ ಚಲನೆಯೊಂದು ಎರಡು ಆವರ್ತದಲ್ಲಿ ಮುಗಿಯಬೇಕು ಎಂದರೆ 4.8 ಸೆಕೆಂಡ್ ಎಂದು ರಿಹರ್ಸಲ್‌ನಲ್ಲೇ ಗೊತ್ತಿರುತ್ತದೆ.

ಸ್ಟೋರಿಬೋರ್ಡ್ ಬಿಡಿಸಲು ಬಾರದಿದ್ದರೆ ಜಾಗಕ್ಕೆ ಹೋಗಿ ಮೊಬೈಲ್‌ನಲ್ಲಿ ಫೋಟೊ ತೆಗೆದು, ಮಾಸ್ಟರ್ ಫೈಲ್ ಜೊತೆ ಟೈಮ್‌ಲೈನ್‌ನಲ್ಲಿ ಜೋಡಿಸಿ ನೋಡಿ. ಸಪ್ಪೆ ಎನಿಸುವ ಭಾಗ ಅಲ್ಲೇ ಗೊತ್ತಾಗುತ್ತದೆ.

ಮೊಬೈಲ್ ಸೆಟ್ಟಿಂಗ್

ಎರಡೂ ಮೊಬೈಲ್‌ಗಳಲ್ಲಿ ಒಂದೇ ರೆಸಲ್ಯೂಶನ್, ಒಂದೇ ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬ ಲೆಕ್ಕ) ಇರಬೇಕು. ವಿದ್ಯುತ್ 50 ಹರ್ಟ್ಸ್ ಇರುವ ಕಡೆ 25 ಫ್ರೇಮ್, 1/50 ಸೆಕೆಂಡ್ ಶಟರ್ ಇಡಿ, ದೀಪಗಳು ಮಿನುಗುವುದಿಲ್ಲ. ಫೋನ್‌ನಲ್ಲಿ 25 ಇಲ್ಲವೆಂದರೆ 30 ಇಟ್ಟುಕೊಳ್ಳಿ, ಶಟರ್ ಮಾತ್ರ 1/50 ಅಥವಾ 1/100 ಇರಲಿ. ಇದಕ್ಕೆಲ್ಲ ಉಚಿತ ಆ್ಯಪ್‌ಗಳಾದ ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಅಥವಾ ಆಂಡ್ರಾಯ್ಡ್‌ನ ಓಪನ್ ಕ್ಯಾಮೆರಾ ಸಾಕು.

ಫೋಕಸ್, ಎಕ್ಸ್‌ಪೋಶರ್ (ಬೆಳಕಿನ ಮಟ್ಟ), ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಿಕೆ) ಮೂರನ್ನೂ ಲಾಕ್ ಮಾಡಿ. ವೈಟ್ ಬ್ಯಾಲೆನ್ಸ್ ಆಟೊದಲ್ಲಿದ್ದರೆ ಕೆಂಪು ಉಡುಪಿನವರು ಫ್ರೇಮ್‌ಗೆ ಬಂದ ಕೂಡಲೇ ಗೋಡೆಯ ಬಣ್ಣವೇ ಬದಲಾಗಬಹುದು. ಆ ಶಾಟನ್ನು ಪಕ್ಕದ ಶಾಟ್‌ಗೆ ಹೊಂದಿಸಲು ಗಂಟೆಗಟ್ಟಲೆ ಹಿಡಿಯುತ್ತದೆ. ಡಿಜಿಟಲ್ ಜೂಮ್ ಬೇಡ, ಹತ್ತಿರ ಹೋಗಿ. ಲೆನ್ಸ್ ಒರೆಸಿ, ಫ್ಲೈಟ್ ಮೋಡ್ ಹಾಕಿ.

4ಕೆಯಲ್ಲಿ ನಿಮಿಷಕ್ಕೆ ಸುಮಾರು 170ರಿಂದ 350 ಎಂಬಿ ಜಾಗ ಹೋಗುತ್ತದೆ. 75 ನಿಮಿಷ ಶೂಟ್ ಮಾಡಿದರೆ 13ರಿಂದ 26 ಜಿಬಿ. ಹಿಂದಿನ ರಾತ್ರಿಯೇ ಫೋನ್ ಖಾಲಿ ಮಾಡಿಟ್ಟುಕೊಳ್ಳಿ.

ಶೂಟಿಂಗ್ ದಿನ

ಮೊದಲು ಇಡೀ ಹಾಡನ್ನು ವೈಡ್ ಶಾಟ್‌ನಲ್ಲಿ ನಿಲ್ಲಿಸದೆ ಎರಡು ಸಲ ತೆಗೆಯಿರಿ. ಮುಂದೆ ಏನೇ ಕೈಕೊಟ್ಟರೂ ಪೂರ್ತಿ ಹಾಡಿಗೆ ಒಂದು ದೃಶ್ಯವಂತೂ ಇರುತ್ತದೆ. ಆಮೇಲೆ ಮಿಡ್ ಶಾಟ್, ಕ್ಲೋಸಪ್, ಕೊನೆಗೆ ಕೈ, ವಾದ್ಯ, ಹೆಜ್ಜೆಗಳಂಥ ತುಣುಕುಗಳು. ಪ್ರತಿ ತುಣುಕನ್ನೂ ಬೇಕಾದ್ದಕ್ಕಿಂತ ಹಿಂದೆ–ಮುಂದೆ 3 ಸೆಕೆಂಡ್ ಹೆಚ್ಚೇ ತೆಗೆಯಿರಿ.

ಹಾಡುವವರು ಬರೀ ತುಟಿ ಆಡಿಸಬಾರದು, ಗಟ್ಟಿಯಾಗಿ ಹಾಡಲೇಬೇಕು. ದನಿ ಹೊರಡದಿದ್ದರೆ ಕತ್ತಿನ ನರ ಬಿಗಿಯುವುದಿಲ್ಲ, ಉಸಿರೆಳೆದಾಗ ಭುಜ ಏಳುವುದಿಲ್ಲ. ನೋಡುವವರಿಗೆ ಕಾರಣ ತಿಳಿಯದೆಯೂ ಸುಳ್ಳೆಂದು ಅನಿಸಿಬಿಡುತ್ತದೆ.

ಕ್ಯಾಮೆರಾದ ಮೈಕ್ ಆನ್ ಇರಲಿ, ಎಡಿಟಿಂಗ್‌ನಲ್ಲಿ ಹೊಂದಿಸಲು ಆ ಸದ್ದೇ ಆಧಾರ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಸ್ಪೀಕರ್‌ನಿಂದ ಕ್ಯಾಮೆರಾ 14 ಮೀಟರ್ ದೂರವಾದರೆ ಸದ್ದು ಒಂದು ಫ್ರೇಮ್ ತಡವಾಗಿ ದಾಖಲಾಗುತ್ತದೆ. ದೂರದ ಶಾಟ್‌ಗಳನ್ನು ಎಡಿಟಿಂಗ್‌ನಲ್ಲಿ ಒಂದೆರಡು ಫ್ರೇಮ್ ಸರಿಸಬೇಕಾಗುವುದು ಇದಕ್ಕೇ.

ಸ್ಲೋ ಮೋಶನ್‌ನಲ್ಲೂ ತುಟಿ ಹಾಡಿಗೆ ಹೊಂದಬೇಕೇ? ಹಾಡನ್ನು ಎರಡು ಪಟ್ಟು ವೇಗದಲ್ಲಿ ನುಡಿಸಿ, 50 ಫ್ರೇಮ್‌ನಲ್ಲಿ ತೆಗೆದು, 25ರಲ್ಲಿ ಓಡಿಸಿ. ತುಟಿ ಮಾಮೂಲಿ ವೇಗಕ್ಕೆ ಬರುತ್ತದೆ, ಕೂದಲು, ಬಟ್ಟೆ, ಹನಿ ನೀರು ಮಾತ್ರ ನಿಧಾನ. ವೇಗದ ಹಾಡಿಗೆ ಇದು ಬಾಯಿಗೆ ಎಟುಕದು. ಆಗ 1.2 ಪಟ್ಟು ವೇಗದಲ್ಲಿ ನುಡಿಸಿ 30 ಫ್ರೇಮ್‌ನಲ್ಲಿ ತೆಗೆದರೆ 25ರಲ್ಲಿ ಸರಿಹೊಂದುತ್ತದೆ. ನಿಧಾನ ಕಡಿಮೆಯಾದರೂ ತೇಲುವ ಭಾವ ಉಳಿಯುತ್ತದೆ.

ಎಡಿಟಿಂಗ್

ಫೈಲ್‌ಗಳನ್ನು ಕೇಬಲ್ ಮೂಲಕವೇ ಕಾಪಿ ಮಾಡಿ. ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಆಗಿ ಕಳಿಸಿದರೆ ಅದು ಕುಗ್ಗಿ ಗುಣಮಟ್ಟ ಹೋಗುತ್ತದೆ. ಎರಡು ಬೇರೆ ಡ್ರೈವ್‌ಗಳಲ್ಲಿ ಪ್ರತಿ ಇಟ್ಟ ಮೇಲೆಯೇ ಫೋನ್‌ನಿಂದ ಅಳಿಸಿ.

ಡವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಾಗಲಿ, ಕೆಡೆನ್‌ಲೈವ್, ಶಾಟ್‌ಕಟ್ ಆಗಲಿ ಸಾಕು. ಫ್ರೇಮ್ ರೇಟನ್ನು ಮೊದಲೇ ಗೊತ್ತುಮಾಡಿ. ರಿಸಾಲ್ವ್‌ನಲ್ಲಿ ಕ್ಲಿಪ್‌ಗಳನ್ನು ಒಳಗೆ ತಂದ ಮೇಲೆ ಪ್ರಾಜೆಕ್ಟ್‌ನ ಫ್ರೇಮ್ ರೇಟ್ ಬದಲಿಸಲು ಬಿಡುವುದಿಲ್ಲ. ಮಾಸ್ಟರ್ ಹಾಡನ್ನು ಟೈಮ್‌ಲೈನ್‌ನಲ್ಲಿಟ್ಟು ಟ್ರ್ಯಾಕ್ ಲಾಕ್ ಮಾಡಿ. ಪ್ರತಿ ಟೇಕನ್ನೂ ಸದ್ದಿನ ಅಲೆ ನೋಡಿ ಅದಕ್ಕೆ ಹೊಂದಿಸಿ, ಮೇಲೆ ಮೇಲೆ ಜೋಡಿಸಿ.

ಹೊಂದಿಕೆ ಕೆಟ್ಟಿದ್ದರೆ ಹೇಗೆ ಕೆಟ್ಟಿದೆ ನೋಡಿ. ಶುರುವಿನಿಂದ ಕೊನೆಯವರೆಗೆ ಒಂದೇ ಸಮ ವ್ಯತ್ಯಾಸವಿದ್ದರೆ ಕ್ಲಿಪ್ ಸರಿಸಿದರೆ ಆಯಿತು. ಶುರುವಿನಲ್ಲಿ ಸರಿಯಿದ್ದು ಕೊನೆಗೆ ಜಾರುತ್ತಿದ್ದರೆ, ಫೋನ್ ಫ್ರೇಮ್‌ಗಳ ಅಂತರವನ್ನು ಏರುಪೇರು ಮಾಡಿದೆ ಎಂದೇ ಅನುಮಾನಿಸಬೇಕು. ಬೆಳಕು ಕಡಿಮೆಯಾದಾಗ ಹೀಗಾಗುವುದು ಹೆಚ್ಚು. ಹ್ಯಾಂಡ್‌ಬ್ರೇಕ್ ಎಂಬ ವಿಡಿಯೊ ಪರಿವರ್ತಕ ತಂತ್ರಾಂಶದಲ್ಲಿ ‘ಕಾನ್‌ಸ್ಟಂಟ್ ಫ್ರೇಮ್‌ರೇಟ್’ ಆಯ್ದು ಆ ಕ್ಲಿಪ್‌ಗಳನ್ನು ಪರಿವರ್ತಿಸಿ ಮತ್ತೆ ತನ್ನಿ.

ಹಾಡು ಕೇಳುತ್ತಾ ಬೀಟ್‌ಗಳಿಗೆ ಮಾರ್ಕರ್ ಹಾಕಿ, ಆದರೆ ಪ್ರತಿ ಬೀಟ್‌ಗೂ ಕಟ್ ಮಾಡಬೇಡಿ. ಎರಡೇ ಸಾಲಿನಲ್ಲಿ ಕಣ್ಣು ದಣಿಯುತ್ತದೆ. ಪಲ್ಲವಿಯಲ್ಲಿ ಬಿರುಸು, ಚರಣದಲ್ಲಿ ಮುಖದ ಮೇಲೆ ತುಸು ಹೊತ್ತು ನಿಲ್ಲುವ ಶಾಟ್ ಇರಲಿ. ಬೀಟ್‌ಗಿಂತ ಒಂದೆರಡು ಫ್ರೇಮ್ ಮೊದಲೇ ಕಟ್ ಮಾಡಿದರೆ ಹೊಡೆತ ಬೀಳುವ ಹೊತ್ತಿಗೆ ಕಣ್ಣು ಹೊಸ ಚಿತ್ರಕ್ಕೆ ಒಗ್ಗಿರುತ್ತದೆ. ತಡವಾದ ಕಟ್ ಮಾತ್ರ ಎದ್ದು ಕಾಣುವ ತಪ್ಪು.

ಬಣ್ಣದ ಕೆಲಸದಲ್ಲಿ ಮೊದಲು ಎಲ್ಲ ಶಾಟ್‌ಗಳ ಮೈಬಣ್ಣವನ್ನು ಒಂದಕ್ಕೊಂದು ಹೊಂದಿಸಿ, ಫಿಲ್ಟರ್ ಮೋಹ ಆಮೇಲೆ. ಕನ್ನಡ ಅಕ್ಷರ ಹಾಕಿದಾಗ ಕೆಲವು ತಂತ್ರಾಂಶಗಳಲ್ಲಿ ಒತ್ತಕ್ಷರಗಳು ಒಡೆದು ಬಿಡಿಬಿಡಿಯಾಗುತ್ತವೆ. ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಬರೆದು, ಹಿನ್ನೆಲೆಯಿಲ್ಲದ ಪಿಎನ್‌ಜಿ ಚಿತ್ರವಾಗಿ ತಂದರೆ ಸರಿಹೋಗುತ್ತದೆ.

ಎಕ್ಸ್‌ಪೋರ್ಟ್‌ಗೆ ಎಂಪಿ4, ಎಚ್.264, 1080ಪಿ ಆಯ್ದುಕೊಳ್ಳಿ. ಈ ಗಾತ್ರಕ್ಕೆ ಯೂಟ್ಯೂಬ್ ಸೂಚಿಸುವುದು ಸೆಕೆಂಡಿಗೆ 8 ಮೆಗಾಬಿಟ್, ಸ್ಟೀರಿಯೊ ಧ್ವನಿಗೆ 384 ಕಿಲೊಬಿಟ್. ನಿಮ್ಮ ಹಾಡಿಗೆ ಫೈಲ್ ಸುಮಾರು 220 ಎಂಬಿ ಆಗುತ್ತದೆ. ಮೊದಲು ‘ಅನ್‌ಲಿಸ್ಟೆಡ್’ (ಲಿಂಕ್ ಇದ್ದವರಿಗೆ ಮಾತ್ರ ಕಾಣುವಂತೆ) ಆಗಿ ಅಪ್‌ಲೋಡ್ ಮಾಡಿ, ಹಕ್ಕುಸ್ವಾಮ್ಯದ ತಕರಾರು ಬಂದಿದೆಯೇ ನೋಡಿ. ಮೊಬೈಲ್‌ನಲ್ಲಿ ವೈರ್ ಇರುವ ಇಯರ್‌ಫೋನ್ ಹಾಕಿಕೊಂಡು ತುಟಿ–ದನಿ ಇನ್ನೊಮ್ಮೆ ಪರೀಕ್ಷಿಸಿದ ಮೇಲೆ ‘ಪಬ್ಲಿಕ್’ ಮಾಡಿ.