ಹದ್ದಿನ ಗೂಡಿನ ಪಕ್ಕ ನಾವು ಕಟ್ಟಿದ ಹೋಂಸ್ಟೇ

ಕರಾವಳಿಯಲ್ಲಿ ಕಟ್ಟಡ ಕೆಲಸಕ್ಕೆ ಸಿಗುವುದು ಎಂಟೇ ತಿಂಗಳು. ಅಕ್ಟೋಬರಿನಲ್ಲಿ ಪಾಯ ತೋಡಿದರೆ ಮೇ ಮುಗಿಯುವುದರೊಳಗೆ ಸ್ಲ್ಯಾಬ್ ಹಾಕಿ ಆಗಿರಬೇಕು. ಬಿಳಿಹೊಟ್ಟೆಯ ಕಡಲ ಹದ್ದು ಮೊಟ್ಟೆ ಇಟ್ಟು ಮರಿ ಸಾಕುವುದೂ ಇದೇ ತಿಂಗಳುಗಳಲ್ಲಿ. ಉತ್ತರ ಕನ್ನಡದ ಒಂದು ಕಡಲೂರಿನಲ್ಲಿ ಹೋಂಸ್ಟೇ ಕಟ್ಟುವ ಗುತ್ತಿಗೆ ಹಿಡಿಯುವವರೆಗೆ ನನಗಿದು ಗೊತ್ತಿರಲಿಲ್ಲ. ಊರಿನ ಹೆಸರು ಬರೆಯುವುದಿಲ್ಲ. ಗೂಡು ಇನ್ನೂ ಅಲ್ಲೇ ಇದೆ. ಫೋಟೋ ತೆಗೆಯಲು ಜನ ಹುಡುಕಿಕೊಂಡು ಹೋಗುವುದು ಬೇಡ.

ಜಾಗದ ಪಡುವಣ ಅಂಚಿನಲ್ಲಿ ಒಂದು ಹಳೆಯ ಮಾವಿನ ಮರ. ಅದರ ತುದಿಯ ಕವಲಿನಲ್ಲಿ ಎತ್ತಿನಗಾಡಿಯ ಚಕ್ರದಷ್ಟು ಅಗಲದ ಗೂಡು. ಅಡಿಯಲ್ಲಿ ಮೀನಿನ ಮುಳ್ಳು, ಕಡಲ ಹಾವಿನ ಎಲುಬು, ಎಲೆಗಳ ಮೇಲೆಲ್ಲ ಬಿಳಿ ಹಿಕ್ಕೆ. ಪಾಯಕ್ಕೆ ಗುರುತು ಹಾಕುವ ದಿನವೇ ಜೋಡಿ ಹದ್ದುಗಳು ಕಾಲಲ್ಲಿ ಕಡ್ಡಿ ಹಿಡಿದು ತರುತ್ತಿದ್ದವು. ಇವು ಹಳೆಯ ಗೂಡನ್ನೇ ವರ್ಷವರ್ಷ ದುರಸ್ತಿ ಮಾಡಿಕೊಳ್ಳುತ್ತವೆ. ನಮ್ಮ ಪಡುವಣ ಕಡೆಯ ಎರಡು ಕೋಣೆಗಳಿಗೂ ಆ ಮರಕ್ಕೂ ನಡುವೆ ಇದ್ದದ್ದು ಬರೀ 55 ಮೀಟರ್.

ಅರಣ್ಯ ಇಲಾಖೆಯ ಕಚೇರಿಗೆ ಹೋಗಿ ತಿಳಿಸಿದೆ. ಯಜಮಾನರಿಗೂ ಫೋನ್ ಮಾಡಿದೆ. ಅವರಿಗೆ ಕೆಲಸ ತಡವಾಗುವ ಚಿಂತೆ. 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಈ ಹಕ್ಕಿ ಇದೆ, ಗೂಡಿಗೆ ತೊಂದರೆ ಕೊಟ್ಟರೂ ಬೇಟೆ ಅಂತಲೇ ಲೆಕ್ಕ ಎಂದೆ. ಆದರೆ ಅವರು ಒಪ್ಪಿದ್ದು ಕಾನೂನಿಗಲ್ಲ. ಕೆಲಸ ನಿಲ್ಲಿಸುವುದಿಲ್ಲ, ಸರದಿ ಬದಲಿಸುತ್ತೇನೆ ಎಂದಿದ್ದಕ್ಕೆ. ರಸ್ತೆ ಬದಿಯ ಕಾಂಪೌಂಡು, ಬಾವಿ, ಅಡುಗೆಮನೆ, ಮೂಡಣ ಕೋಣೆಗಳು ಮೊದಲು. ಪಡುವಣದ ಎರಡು ಕೋಣೆ ಮರಿ ಹಾರಿದ ಮೇಲೆ.

ಎಷ್ಟು ದೂರ ಬಿಟ್ಟರೆ ಸಾಕು? ಇದಕ್ಕೆ ಹಕ್ಕಿಯನ್ನೇ ಕೇಳಬೇಕಾಯಿತು. ರಸ್ತೆ ಬದಿಯಿಂದ ಬೈನಾಕ್ಯುಲರ್ ಹಿಡಿದು ನೋಡುತ್ತಿದ್ದೆ. ಕಾವಿಗೆ ಕೂತ ಹಕ್ಕಿ ನಿಶ್ಚಿಂತೆಯಿಂದ ಇದ್ದರೆ ತಲೆ ಮಾತ್ರ ಕಾಣುತ್ತದೆ. ಸಂಶಯ ಬಂದರೆ ಕತ್ತು ಎತ್ತುತ್ತದೆ. ಆಮೇಲೆ ಎದ್ದು ನಿಲ್ಲುತ್ತದೆ. ಆಮೇಲೆ ಬಾತುಕೋಳಿಯಂತೆ ಜೋರಾಗಿ ಕೂಗುತ್ತದೆ. ಕೊನೆಗೆ ಹಾರಿಬಿಡುತ್ತದೆ. ಕತ್ತು ಎತ್ತಿದ ಜಾಗದಲ್ಲೇ ನಾವು ನಿಲ್ಲಬೇಕು ಅಂತ ಗೆರೆ ಹಾಕಿಕೊಂಡೆವು. 120 ಮೀಟರ್ ದೂರದ ಕಾಂಕ್ರೀಟ್ ಮಿಕ್ಸರಿಗೆ ಮೂರು ದಿನದಲ್ಲಿ ಅದು ಹೊಂದಿಕೊಂಡಿತು. ಆದರೆ ಇಬ್ಬರು ಹೆಂಗಸರು ತೆಂಗಿನ ಸಾಲಿನಲ್ಲಿ ನಡೆದು ಬಂದು ಮೇಲೆ ನೋಡಿದರೆ ಸಾಕು, ಎದ್ದು ನಿಲ್ಲುತ್ತಿತ್ತು. ನಾನು ಅಂದುಕೊಂಡಿದ್ದಕ್ಕೆ ಪೂರ್ತಿ ಉಲ್ಟಾ. ಒಂದೇ ಸಮನೆ ಬರುವ ಸದ್ದಿಗಿಂತ ಕಾಲ್ನಡಿಗೆಯ ಮನುಷ್ಯರೇ ಅದಕ್ಕೆ ಜಾಸ್ತಿ ಭಯ.

ಕೂಡಲೇ ಕೆಲಸಗಾರರ ಶೆಡ್ಡು, ನೀರಿನ ಡ್ರಮ್ಮು, ಶೌಚಾಲಯ ಎಲ್ಲವನ್ನೂ ರಸ್ತೆ ಬದಿಗೆ ಸಾಗಿಸಿದೆವು. ನಡುವೆ ಹಸಿರು ಬಲೆ ಕಟ್ಟಿ, ಕಾಲುದಾರಿ ಮುಚ್ಚಿದೆವು. ಕಬ್ಬಿಣ ಕತ್ತರಿಸುವುದು ಮೂಡಣ ಗೋಡೆಯ ಹಿಂದೆ ಮಾತ್ರ. ಪೂಜೆಗೆ ಪಟಾಕಿ ಇಲ್ಲ, ರಾತ್ರಿ ಹ್ಯಾಲೋಜನ್ ಇಲ್ಲ. ಗದಗ ಕಡೆಯ ನಮ್ಮ ಮೇಸ್ತ್ರಿಗೆ ಇದನ್ನು ಹೇಗೆ ವಿವರಿಸುವುದು ಅಂತ ನಾನು ಯೋಚಿಸುತ್ತಿದ್ದೆ. ಅವರೇ ಹೇಳಿದರು: "ಕೋಳಿ ಕಾವಿಗೆ ಕುಂತಾಗ ಅದರ ಹಂತೇಕ ಯಾರನ್ನೂ ಬಿಡಂಗಿಲ್ರಿ ಸರ. ಇದೂ ಹಂಗ ಅಲ್ರೀ?" ಅಲ್ಲಿಂದ ಬಲೆ ಕಾಯುವ ಜವಾಬ್ದಾರಿ ಅವರದೇ ಆಯಿತು.

ದೊಡ್ಡ ತಪ್ಪು ಮಾಡಿದವನು ನಾನೇ. ಮೊಟ್ಟೆ ಸುರಕ್ಷಿತವಾಗಿದೆಯಾ ಎಂಬ ಕಳವಳಕ್ಕೆ ದಿನಾ ಬೆಳಿಗ್ಗೆ ಮರದಡಿ ಹೋಗಿ ನಿಲ್ಲುತ್ತಿದ್ದೆ. ಊರಿನ ಒಬ್ಬ ಮೇಷ್ಟ್ರು, ಹಕ್ಕಿ ಬಲ್ಲವರು, ಅದನ್ನು ಕಂಡು ಬೈದರು. "ನೀವು ನಿಂತಷ್ಟು ಹೊತ್ತು ತಾಯಿ ಗೂಡಿನ ಹೊರಗೆ ಇರುತ್ತೆ ಮಾರಾಯ್ರೆ. ಮೊಟ್ಟೆ ಬಿಸಿಲಿಗೆ ಬೆಂದುಹೋಗುತ್ತೆ. ಇಲ್ಲಾ ಕಾಗೆ ಪಾಲು." ಅಂದಿನಿಂದ ಆ ಕಡೆ ಕಾಲಿಡಲಿಲ್ಲ. ಕಾವು ಸುಮಾರು ಆರು ವಾರ. ಡಿಸೆಂಬರ್ ನಡುವೆ ಹದ್ದು ಮೀನನ್ನು ಚೂರುಚೂರು ಮಾಡಿ ತಲೆ ಬಗ್ಗಿಸುವುದು ದೂರದಿಂದ ಕಂಡಾಗ ಮರಿ ಬಂದಿದೆ ಎಂದು ತಿಳಿಯಿತು.

ಜನವರಿಯಲ್ಲಿ ಯಜಮಾನರ ಕಡೆಯವರೊಬ್ಬರು ಜಾಹೀರಾತಿಗೆಂದು ಡ್ರೋನ್ ಹಾರಿಸಿದರು. ನಾನು ಸೈಟಿನಲ್ಲಿ ಇರಲಿಲ್ಲ. ಹದ್ದು ಡ್ರೋನಿನ ಮೇಲೆರಗಿ, ಮತ್ತೆ ಗೂಡಿಗೆ ಬರಲು 40 ನಿಮಿಷ ತೆಗೆದುಕೊಂಡಿತು. ಅಷ್ಟು ಹೊತ್ತೂ ಕಾಗೆಗಳು ಗೂಡಿನ ಸುತ್ತ. ಮೇಸ್ತ್ರಿ ಫೋನಿನಲ್ಲಿ ಹೇಳುವಾಗ ನನ್ನ ಕೈ ನಡುಗುತ್ತಿತ್ತು. ಮರಿ ಉಳಿಯಿತು. ಬಂದವರ ಡ್ರೋನು ಗೇಟಿನಲ್ಲೇ ಇಡಬೇಕು ಎಂಬ ನಿಯಮ ಆವತ್ತೇ ಬಂತು. ಇದನ್ನು ಮೊದಲ ದಿನವೇ ಮಾಡಬೇಕಿತ್ತು.

ಮರಿಗೆ ಹಾರಲು ಎರಡೂವರೆ ತಿಂಗಳು ಬೇಕು. ಮಾರ್ಚ್ ಮೊದಲ ವಾರ ಕಂದು ಬಣ್ಣದ ಆ ಮರಿ ಪಕ್ಕದ ತೆಂಗಿಗೆ ಹಾರಿ ಕೂತಿತು. ಹಾರಿದ ಮೇಲೂ ಅದು ವಾರಗಟ್ಟಲೆ ಗೂಡಿಗೆ ಬರುತ್ತದೆ, ಅಪ್ಪ ಅಮ್ಮ ಮೀನು ತಂದು ಕೊಡುತ್ತವೆ. ಹಾಗಾಗಿ ಇನ್ನೂ ಒಂದು ತಿಂಗಳು ತಡೆದೆವು. ಏಪ್ರಿಲ್ ಎರಡನೇ ವಾರ ಪಡುವಣ ಕೋಣೆಗಳ ಪಾಯ ತೋಡಿದೆವು. ಎರಡು ತಂಡ ಹಾಕಿ ದುಡಿದರೂ ಮಳೆಗೆ ಮೊದಲು ಮುಗಿದದ್ದು ಗೋಡೆ ಮಾತ್ರ. ಮಳೆಗಾಲ ಪೂರ್ತಿ ಅವು ತಾಡಪಾಲಿನ ಕೆಳಗೆ ನಿಂತಿದ್ದವು. ಸೆಪ್ಟೆಂಬರಿನಲ್ಲಿ ಮಳೆ ಬಿಡುವು ಕೊಟ್ಟ ದಿನಗಳಲ್ಲೇ ಸ್ಲ್ಯಾಬ್ ಹಾಕಿದೆವು. ಅಕ್ಟೋಬರಿನಲ್ಲಿ ಹದ್ದುಗಳು ಮತ್ತೆ ಕಡ್ಡಿ ತರುವಾಗ ಒಳಗಿನ ಗಾರೆ ಕೆಲಸ ನಡೆಯುತ್ತಿತ್ತು. ಪಡುವಣದ ಕಿಟಕಿಗಳಿಗೆ ಮೇಸ್ತ್ರಿ ಆಗಲೇ ಗೋಣಿ ಕಟ್ಟಿದ್ದರು.