ಕಾರ್ಬುರೇಟರ್ ಬಿಚ್ಚಿ ಎಫ್‌ಐ ಕೂರಿಸುವುದು ಹೇಗೆ?

2007ರಲ್ಲಿ ಬಜಾಜ್ ಪಲ್ಸರ್ 220 ಬಂದಾಗ ಅದರಲ್ಲಿ ಫ್ಯುಯೆಲ್ ಇಂಜೆಕ್ಷನ್ (ಎಫ್‌ಐ) ಇತ್ತು, ಅಂದರೆ ಕಾರ್ಬುರೇಟರ್ ಬದಲು ಕಂಪ್ಯೂಟರ್ ಲೆಕ್ಕದಲ್ಲಿ ಪೆಟ್ರೋಲ್ ಸಿಂಪಡಿಸುವ ವ್ಯವಸ್ಥೆ. ಎರಡೇ ವರ್ಷಕ್ಕೆ, 2009ರಲ್ಲಿ, ಅದೇ ಬೈಕ್ ಕಾರ್ಬುರೇಟರ್ ಹಾಕಿಕೊಂಡು ಮತ್ತೆ ಬಂತು. ಅದಕ್ಕೂ ಮೊದಲು 2006ರಲ್ಲಿ ಹೀರೊ ಹೋಂಡಾ ಗ್ಲಾಮರ್‌ನ ಎಫ್‌ಐ ಮಾದರಿ ಬಂದಿತ್ತು. ಹೀಗೆ ಒಂದು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಇಡುತ್ತಿದ್ದ ಕಂಪನಿಗಳಲ್ಲಿ ಬಹುತೇಕ ಎಲ್ಲರನ್ನೂ 2020ರ ಏಪ್ರಿಲ್ 1ರ ಬಿಎಸ್6 ಹೊಗೆ ನಿಯಮ ಎಫ್‌ಐ ಕಡೆಗೆ ತಳ್ಳಿತು. ಇದರಿಂದ ಮನೆಯಲ್ಲಿ ಸ್ಪ್ಯಾನರ್ ಹಿಡಿಯುವವರಿಗೆ ಒಂದು ಲಾಭ ಆಯಿತು. ಚಿಕ್ಕ ಎಂಜಿನ್‌ಗೆ ಹೊಂದುವ ಥ್ರಾಟಲ್ ಬಾಡಿ (ಗಾಳಿ ಒಳಬಿಡುವ ಬಾಗಿಲು), ಇಂಜೆಕ್ಟರ್ (ಪೆಟ್ರೋಲ್ ಸಿಂಪಡಿಸುವ ವಾಲ್ವ್), ಪಂಪ್, ಸೆನ್ಸರ್ ಎಲ್ಲವೂ ಈಗ ಮಾಮೂಲಿ ಸ್ಪೇರ್ ಪಾರ್ಟ್‌ಗಳು. ಬೆಂಗಳೂರಿನವರಾದರೆ ಜೆ.ಸಿ. ರಸ್ತೆಯಲ್ಲಿ ಹೊಸದು, ಶಿವಾಜಿನಗರದ ಗುಜರಿಯಲ್ಲಿ ಹಳೆಯದು. ರಿಲೇ, ವೈರ್, ಕನೆಕ್ಟರ್‌ಗೆ ಎಸ್.ಪಿ. ರಸ್ತೆ ಇದ್ದೇ ಇದೆ.

ಉದಾಹರಣೆಗೆ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರ ಹಳೇ ಯುಸಿಇ (ಗೇರ್‌ಬಾಕ್ಸ್ ಕೂಡ ಒಂದೇ ಕವಚದಲ್ಲಿರುವ) ಎಂಜಿನ್ ತೆಗೆದುಕೊಳ್ಳೋಣ. 346 ಸಿಸಿ, ಒಂದೇ ಸಿಲಿಂಡರ್, 5250 ಆರ್‌ಪಿಎಂನಲ್ಲಿ 19.8 ಬಿಎಚ್‌ಪಿ, ಗಾಳಿಯಲ್ಲೇ ತಣ್ಣಗಾಗುವ ಎಂಜಿನ್. 2020ರ ಜನವರಿಯಲ್ಲಿ ಇದಕ್ಕೆ ಕಂಪನಿಯೇ ಎಫ್‌ಐ ಹಾಕಿತು. ಅದಕ್ಕಿಂತ ಹಳೆಯ ಗಾಡಿ ಇದ್ದವರು ‘ನನ್ನದಕ್ಕೂ ಹಾಕಬಹುದಲ್ವಾ?’ ಎಂದು ಕೇಳುವುದು ಸಹಜ.

ಹಾಕಬಹುದು. ಆದರೆ ಬಹಳ ಜನ ಇದನ್ನು ಕಾರ್ಬುರೇಟರ್ ತೆಗೆದು ಥ್ರಾಟಲ್ ಬಾಡಿ ಕೂರಿಸುವ ಕೆಲಸ ಅಂದುಕೊಂಡಿರುತ್ತಾರೆ. ಆ ಭಾಗ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ನಿಜವಾಗಿ ಬೆವರಿಳಿಸುವುದು ಪೆಟ್ರೋಲ್ ಪೈಪು ಮತ್ತು ವೈರಿಂಗ್.

ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಾಯಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ ನಿಯಮ ಮೀರಿದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ಆರ್‌ಟಿಒ ಮತ್ತು ಇನ್ಶೂರೆನ್ಸ್ ಕಂಪನಿ ಎರಡನ್ನೂ ಕೇಳದೆ ಇಂಥ ಗಾಡಿಯನ್ನು ರಸ್ತೆಗೆ ಇಳಿಸಬೇಡಿ. ಇದನ್ನು ಕಲಿಕೆಯ ಕೆಲಸವಾಗಿ, ಖಾಸಗಿ ಜಾಗದಲ್ಲಿ ಓಡಿಸುವ ಗಾಡಿಯ ಮೇಲೆ ಮಾಡುವುದು ಒಳ್ಳೆಯದು.

ಇನ್ನೊಂದು ಮಾತು. ಐಡ್ಲಿಂಗ್ ನಿಲ್ಲುತ್ತಿಲ್ಲ, ಮೈಲೇಜ್ ಬಿದ್ದಿದೆ, ಬೆಳಗ್ಗೆ ಸ್ಟಾರ್ಟ್ ಆಗಲ್ಲ ಎನ್ನುವುದಷ್ಟೇ ನಿಮ್ಮ ದೂರಾದರೆ ಕಾರ್ಬುರೇಟರ್‌ನ ಪೈಲಟ್ ಜೆಟ್ (ಐಡ್ಲಿಂಗ್‌ಗೆ ಪೆಟ್ರೋಲ್ ಬಿಡುವ ಸಣ್ಣ ತೂತು) ಕ್ಲೀನ್ ಮಾಡಿಸಿ. ಅದರ ಸ್ಲೈಡ್‌ನ ಡಯಾಫ್ರಮ್ (ರಬ್ಬರ್ ಪೊರೆ) ತೂತಾಗಿದೆಯಾ, ಇನ್‌ಟೇಕ್ ರಬ್ಬರ್ ಬಿರುಕು ಬಿಟ್ಟಿದೆಯಾ ನೋಡಿ. ದೂರುಗಳಲ್ಲಿ ಮುಕ್ಕಾಲು ಪಾಲು ಅಲ್ಲೇ ಮುಗಿಯುತ್ತವೆ. ಕಂಪ್ರೆಷನ್ ಇಲ್ಲದ ಎಂಜಿನ್‌ಗೆ ಎಂಥ ಇಸಿಯು (ಎಫ್‌ಐ ನಡೆಸುವ ಪುಟ್ಟ ಕಂಪ್ಯೂಟರ್) ಹಾಕಿದರೂ ಅದು ಹಾಗೇ ಇರುತ್ತದೆ.

ಇಂಜೆಕ್ಟರ್ ಲೆಕ್ಕ

ಸಾಮಾನು ಕೊಳ್ಳುವ ಮೊದಲು ಪೇಪರ್ ಪೆನ್ನು ಹಿಡಿಯಿರಿ. ಫುಲ್ ಥ್ರಾಟಲ್‌ನಲ್ಲಿ ಒಂದು ಅಶ್ವಶಕ್ತಿಗೆ ಗಂಟೆಗೆ ಸುಮಾರು 225 ಗ್ರಾಂ ಪೆಟ್ರೋಲ್ ಬೇಕು. 20 ಅಶ್ವಶಕ್ತಿಗೆ ನಾಲ್ಕೂವರೆ ಕೆಜಿ, ಅಂದರೆ ಆರು ಲೀಟರ್‌ಗೆ ಸ್ವಲ್ಪ ಜಾಸ್ತಿ. ನಿಮಿಷಕ್ಕೆ ಲೆಕ್ಕ ಹಾಕಿದರೆ ಹೆಚ್ಚುಕಡಿಮೆ 100 ಸಿಸಿ. ಇಂಜೆಕ್ಟರನ್ನು ಪೂರ್ತಿ ಹೊತ್ತು ತೆರೆದಿಡಬಾರದು, ಶೇ 80ಕ್ಕೆ ನಿಲ್ಲಿಸಬೇಕು. ಆಗ 125 ಸಿಸಿ ಆಯಿತು. ಈಗ ಬಂಕ್‌ನಲ್ಲಿ ಹಾಕುವುದು ಇ20, ಅಂದರೆ ಶೇ 20 ಎಥನಾಲ್ ಬೆರೆಸಿದ ಪೆಟ್ರೋಲ್. ಅದಕ್ಕೆ ಸುಮಾರು ಶೇ 8ರಷ್ಟು ಜಾಸ್ತಿ ಬೇಕು. ಒಟ್ಟು 135. ಆದ್ದರಿಂದ 3 ಬಾರ್ ಒತ್ತಡದಲ್ಲಿ ನಿಮಿಷಕ್ಕೆ 140ರಿಂದ 150 ಸಿಸಿ ಬಿಡುವ ಇಂಜೆಕ್ಟರ್ ಸರಿ. ಹೆಚ್ಚುಕಡಿಮೆ ಇಷ್ಟೇ ಪವರ್ ಇರುವ 160–200 ಸಿಸಿ ಎಫ್‌ಐ ಬೈಕ್‌ಗಳ ಇಂಜೆಕ್ಟರ್ ಈ ಅಳತೆಯ ಆಸುಪಾಸಿನಲ್ಲೇ ಇರುತ್ತದೆ.

‘ದೊಡ್ಡದೇ ಇರಲಿ ಬಿಡಿ, ಕಾರಿನ ಇಂಜೆಕ್ಟರ್ ಸಿಕ್ಕಿದೆ’ ಅನ್ನುವವರು ಐಡ್ಲಿಂಗ್‌ನಲ್ಲಿ ಸಿಕ್ಕಿಬೀಳುತ್ತಾರೆ. 5250 ಆರ್‌ಪಿಎಂನಲ್ಲಿ ಎಂಜಿನ್‌ನ ಎರಡು ಸುತ್ತಿಗೆ 22.9 ಮಿಲಿಸೆಕೆಂಡ್ ಸಿಗುತ್ತದೆ. ಅದರಲ್ಲಿ 18 ಮಿಲಿಸೆಕೆಂಡ್ ಇಂಜೆಕ್ಟರ್ ತೆರೆದಿದ್ದರೆ ಸಾಕು. ಐಡ್ಲಿಂಗ್‌ನಲ್ಲಿ ಅದೇ ಇಂಜೆಕ್ಟರ್ ನಾಲ್ಕೈದು ಮಿಲಿಸೆಕೆಂಡ್ ತೆರೆಯುತ್ತದೆ. ಮೂರು ಪಟ್ಟು ದೊಡ್ಡ ಇಂಜೆಕ್ಟರ್ ಹಾಕಿದರೆ ಅದು ಒಂದೂವರೆ ಮಿಲಿಸೆಕೆಂಡ್‌ಗೆ ಇಳಿಯುತ್ತದೆ. ಇಂಜೆಕ್ಟರ್ ಒಳಗಿನ ಸೂಜಿ ಮೇಲೇಳುವುದಕ್ಕೇ ಒಂದು ಮಿಲಿಸೆಕೆಂಡ್ ಆಸುಪಾಸು ಹೋಗುತ್ತದೆ. ಬ್ಯಾಟರಿ ವೋಲ್ಟೇಜ್ ಇಳಿದರೆ ಇನ್ನೂ ಜಾಸ್ತಿ. ಆಮೇಲೆ ಹೆಡ್‌ಲೈಟ್ ಹಾಕಿದರೆ ಐಡ್ಲಿಂಗ್ ಬದಲು, ಹಾರ್ನ್ ಒತ್ತಿದರೆ ಬದಲು.

ಥ್ರಾಟಲ್ ಬಾಡಿಯ ಬಾಯಿ 28ರಿಂದ 30 ಮಿ.ಮೀ. ಇದ್ದರೆ ಸಾಕು. ಹಳೇ ಕಾರ್ಬುರೇಟರ್‌ನ ಅಳತೆಯೂ ಅಷ್ಟೇ. ಕ್ಲಾಸಿಕ್ 500ರದ್ದು ಪೂರ್ತಿ ಸೆಟ್ ಸಿಗುತ್ತದೆ ಎಂದು ಇಸಿಯು ಸಮೇತ ತಂದು ಕೂರಿಸಬೇಡಿ. ಅದರೊಳಗಿನ ಲೆಕ್ಕ 499 ಸಿಸಿ ಎಂಜಿನ್‌ದು. 346 ಸಿಸಿಗೆ ಅದೇ ಲೆಕ್ಕದಲ್ಲಿ ಪೆಟ್ರೋಲ್ ಸುರಿದರೆ ಪ್ಲಗ್ ಕಪ್ಪಾಗುತ್ತದೆ ಅಷ್ಟೇ. ನಾವೇ ಲೆಕ್ಕ ಬರೆಯಬಲ್ಲ ಇಸಿಯು ಬೇಕು. ಮೈಕ್ರೋಸ್ಕ್ವಿರ್ಟ್ ಮತ್ತು ಸ್ಪೀಡುಯಿನೋ ಹೆಸರುವಾಸಿ. ಎರಡನೆಯದು ಓಪನ್ ಸೋರ್ಸ್, ಆರ್ಡುಯಿನೋ ಮೆಗಾ ಬೋರ್ಡ್ ಮೇಲೆ ಓಡುತ್ತದೆ. ಎರಡನ್ನೂ ಟ್ಯೂನರ್‌ಸ್ಟುಡಿಯೋ ಎಂಬ ಸಾಫ್ಟ್‌ವೇರ್‌ನಲ್ಲಿ ಲ್ಯಾಪ್‌ಟಾಪ್‌ನಿಂದ ಹೊಂದಿಸಬಹುದು.

ಪೆಟ್ರೋಲ್ ಪೈಪು

ಇಲ್ಲಿ ಅವಸರ ಬೇಡ. ಕಾರ್ಬುರೇಟರ್‌ಗೆ ಪೆಟ್ರೋಲ್ ತಾನಾಗಿ ಇಳಿದು ಬರುತ್ತದೆ, ಒತ್ತಡ ಎನ್ನುವಂಥದ್ದು ಇರುವುದಿಲ್ಲ. ಎಫ್‌ಐನಲ್ಲಿ 3 ಬಾರ್. ಸೂಜಿಮೊನೆಯಷ್ಟು ತೂತಿದ್ದರೂ ಬಿಸಿ ಸಿಲಿಂಡರ್ ಮೇಲೆ ಪೆಟ್ರೋಲ್ ಸಿಡಿಯುತ್ತದೆ.

ಹಳೇ ಪೈಪ್ ಒಂದಿಂಚೂ ಉಳಿಸಿಕೊಳ್ಳಬೇಡಿ. ಪಂಪ್‌ನಿಂದ ಮುಂದೆ ಇರುವ ಪೈಪ್ ಎಫ್‌ಐಗೆಂದೇ ಮಾಡಿದ್ದಾಗಿರಬೇಕು, ಮೈಮೇಲೆ ಎಸ್‌ಎಇ ಜೆ30ಆರ್9 ಎಂದು ಅಚ್ಚಾಗಿರುತ್ತದೆ. ಎಥನಾಲ್ ತಡೆಯುತ್ತದೆಯಾ ಎಂದೂ ಕೇಳಿ. ಕ್ಲಿಪ್ ಕೂಡ ಎಫ್‌ಐದೇ ಹಾಕಿ, ಅಂಚು ದುಂಡಗಿರುವಂಥದ್ದು. ನೀರಿನ ಪೈಪಿಗೆ ಹಾಕುವ ಹಲ್ಲಿನ ಕ್ಲಿಪ್ ಬಿಗಿ ಮಾಡಿದಷ್ಟೂ ರಬ್ಬರ್ ಕೊಯ್ಯುತ್ತದೆ.

ಕಂಪನಿಯವರು ಪಂಪ್ ಅನ್ನು ಟ್ಯಾಂಕ್ ಒಳಗೇ ಇಡುತ್ತಾರೆ. ಅದಕ್ಕೆ ಟ್ಯಾಂಕ್ ತಳ ಕತ್ತರಿಸಬೇಕು. ಮನೆಯ ಕೆಲಸಕ್ಕೆ ಹೊರಗಿನ ಇನ್‌ಲೈನ್ ಪಂಪ್ ಸುಲಭ, ಬೇಡವೆಂದರೆ ವಾಪಸ್ ತೆಗೆಯಲೂಬಹುದು. ಪಂಪ್‌ಗೆ ತಳ್ಳುವ ಶಕ್ತಿ ಇದೆ, ಎಳೆಯುವ ಶಕ್ತಿ ಕಡಿಮೆ. ಹಾಗಾಗಿ ಅದು ಟ್ಯಾಂಕ್‌ಗಿಂತ ಕೆಳಗೆ, ಎಂಜಿನ್ ಬಿಸಿಯಿಂದ ದೂರ ಇರಬೇಕು. ಟ್ಯಾಂಕ್ ಕಾಕ್‌ನಿಂದ ದಪ್ಪ ಫಿಲ್ಟರ್, ಅಲ್ಲಿಂದ ಪಂಪ್, ಪಂಪ್ ಆದಮೇಲೆ 10 ಮೈಕ್ರಾನ್‌ನ ಸಣ್ಣ ಫಿಲ್ಟರ್, ಆಮೇಲೆ ಇಂಜೆಕ್ಟರ್. ಮಿಕ್ಕ ಪೆಟ್ರೋಲ್ ಪ್ರೆಷರ್ ರೆಗ್ಯುಲೇಟರ್ ಮೂಲಕ ಟ್ಯಾಂಕ್‌ಗೆ ವಾಪಸ್. ಈ ವಾಪಸ್ ದಾರಿಗೆ ಟ್ಯಾಂಕ್‌ನಲ್ಲಿ ಹೊಸ ನಿಪ್ಪಲ್ ಬೇಕು. ಅದನ್ನು ಮಾತ್ರ ನೀವು ವೆಲ್ಡ್ ಮಾಡಬೇಡಿ. ಪೆಟ್ರೋಲ್ ಖಾಲಿ ಮಾಡಿ ಎಷ್ಟು ದಿನವಾದರೂ ಒಳಗಿನ ಆವಿ ಸಿಡಿಯಬಹುದು. ಟ್ಯಾಂಕ್ ಕೆಲಸವನ್ನೇ ಮಾಡುವವರ ಹತ್ತಿರ ಕೊಡಿ.

ಪೈಪು ಮುಗಿದ ಮೇಲೆ ಎಂಜಿನ್ ಮುಟ್ಟುವ ಮುಂಚೆ ಪಂಪ್ ಒಂದನ್ನೇ ಓಡಿಸಿ ನೋಡಿ. ಗೇಜ್ 3 ಬಾರ್ ತೋರಿಸಬೇಕು. ಒಂದೊಂದು ಜಾಯಿಂಟ್ ಕೆಳಗೂ ಒಣಗಿದ ಟಿಶ್ಯೂ ಹಿಡಿದು ಹತ್ತು ನಿಮಿಷ ಕಾಯಿರಿ. ಪೌಡರ್ ಮಾದರಿಯ ಬೆಂಕಿ ಆರಿಸುವ ಸಿಲಿಂಡರ್ ಕೈಗೆಟಕುವ ಹಾಗೆ ಇರಲಿ.

ಸೆನ್ಸರ್‌ಗಳು

ಆಕ್ಸಿಲರೇಟರ್ ಎಷ್ಟು ತಿರುಗಿದೆ ಎಂದು ಹೇಳುವ ಟಿಪಿಎಸ್, ಗಾಳಿಯ ಬಿಸಿ ಅಳೆಯುವ ಸೆನ್ಸರ್ ಮತ್ತು ಮ್ಯಾನಿಫೋಲ್ಡ್ (ಎಂಜಿನ್‌ಗೆ ಗಾಳಿ ಹೋಗುವ ಕೊಳವೆ) ಒಳಗಿನ ಒತ್ತಡದ ಮ್ಯಾಪ್ ಸೆನ್ಸರ್ ಬಹಳಷ್ಟು ಥ್ರಾಟಲ್ ಬಾಡಿಗಳಲ್ಲಿ ಒಟ್ಟಿಗೇ ಬರುತ್ತವೆ. ಸಿಲಿಂಡರ್ ಹೆಡ್‌ನ ಬಿಸಿ ಅಳೆಯಲು ಇನ್ನೊಂದು ಸೇರಿಸಿ. ಚೋಕ್ ಎಳೆಯುವ ಕೆಲಸ ಇನ್ನು ಮುಂದೆ ಅದರದ್ದು.

ಇಲ್ಲೊಂದು ತೊಡಕಿದೆ. ನಾಲ್ಕು ಸಿಲಿಂಡರ್ ಕಾರಿನಲ್ಲಿ ಮ್ಯಾಪ್ ಸೆನ್ಸರ್ ಹೇಳುವ ಒತ್ತಡ ಹೆಚ್ಚುಕಡಿಮೆ ಸ್ಥಿರ. ಒಂದೇ ಸಿಲಿಂಡರ್ ಇದ್ದರೆ ಪಿಸ್ಟನ್ ಎಳೆದಾಗ ಒತ್ತಡ ಧೊಪ್ಪನೆ ಬೀಳುತ್ತದೆ, ವಾಲ್ವ್ ಮುಚ್ಚಿದೊಡನೆ ಮತ್ತೆ ಏರುತ್ತದೆ. ಇಸಿಯು ಯಾವ ಕ್ಷಣದಲ್ಲಿ ಓದಿತು ಎನ್ನುವುದರ ಮೇಲೆ ಸಂಖ್ಯೆ ಕುಣಿಯುತ್ತದೆ. ಅದಕ್ಕೇ ಮನೆಯಲ್ಲಿ ಮಾಡುವವರಿಗೆ ಟಿಪಿಎಸ್ ಮತ್ತು ಆರ್‌ಪಿಎಂ ಎರಡನ್ನೇ ನಂಬಿ ನಡೆಯುವ ಆಲ್ಫಾ-ಎನ್ ವಿಧಾನ ವಾಸಿ. ಮ್ಯಾಪ್ ಸೆನ್ಸರನ್ನು ಹೊರಗಿನ ಗಾಳಿಯ ಒತ್ತಡ ನೋಡುವುದಕ್ಕೆ ಬಿಟ್ಟುಬಿಡಿ.

ಆರ್‌ಪಿಎಂ ಎಲ್ಲಿಂದ ತರುವುದು? ಇಗ್ನಿಷನ್ ಕೂಡ ಇಸಿಯುಗೆ ಕೊಡಬೇಕೆಂದರೆ ಮ್ಯಾಗ್ನೆಟ್ ಮೇಲೆ ಹಲ್ಲಿನ ಚಕ್ರ ಕೂರಿಸಬೇಕು, ಲೇತ್ ಕೆಲಸ ಆಗಬೇಕು. ನನ್ನ ಕೇಳಿದರೆ ಮೊದಲ ಸಲಕ್ಕೆ ಅದು ಬೇಡ. ಸ್ಪಾರ್ಕ್ ಹಳೇ ಯೂನಿಟ್‌ನದ್ದೇ ಇರಲಿ, ಇಸಿಯು ಪೆಟ್ರೋಲ್ ಮಾತ್ರ ನೋಡಿಕೊಳ್ಳಲಿ. ಆಗ ಇಗ್ನಿಷನ್ ಕಾಯಿಲ್‌ಗೆ ಹೋಗುವ ವೈರಿನಿಂದಲೇ ಸಿಗ್ನಲ್ ತೆಗೆಯಬಹುದು. ನೇರವಾಗಿ ಮಾತ್ರ ಜೋಡಿಸಬೇಡಿ. ಸ್ಪಾರ್ಕ್ ಹೊಡೆಯುವ ಕ್ಷಣದಲ್ಲಿ ಆ ವೈರಿನಲ್ಲಿ ನೂರಾರು ವೋಲ್ಟ್ ಏಳುತ್ತದೆ, ಬೋರ್ಡ್ ಸುಟ್ಟು ಹೋಗುತ್ತದೆ. ಮಧ್ಯೆ ರೆಸಿಸ್ಟರ್ ಮತ್ತು ಆಪ್ಟೋಕಪ್ಲರ್ (ಬೆಳಕಿನ ಮೂಲಕ ಸಿಗ್ನಲ್ ದಾಟಿಸುವ ಬಿಡಿಭಾಗ) ಇರಲೇಬೇಕು. ಪ್ರತಿ ಸುತ್ತಿಗೂ ಸ್ಪಾರ್ಕ್ ಬರುತ್ತದೋ ಎರಡು ಸುತ್ತಿಗೊಮ್ಮೆಯೋ ನೋಡಿಕೊಂಡು ಸಾಫ್ಟ್‌ವೇರ್‌ಗೆ ಹೇಳಿ. ತಪ್ಪಿದರೆ ಪೆಟ್ರೋಲ್ ದುಪ್ಪಟ್ಟು ಅಥವಾ ಅರ್ಧ.

ಸೈಲೆನ್ಸರ್‌ನ ಬೆಂಡ್ ಪೈಪಿಗೆ ಆಕ್ಸಿಜನ್ ಸೆನ್ಸರ್‌ಗಾಗಿ 18 ಮಿ.ಮೀ. ನಟ್ ವೆಲ್ಡ್ ಮಾಡಿಸಿ. ಗಾಳಿ-ಪೆಟ್ರೋಲ್ ಪ್ರಮಾಣವನ್ನು ಸಂಖ್ಯೆಯಲ್ಲೇ ಹೇಳುವ ವೈಡ್‌ಬ್ಯಾಂಡ್ ಮಾದರಿಯದ್ದೇ ಬೇಕು, ಇಲ್ಲದಿದ್ದರೆ ಟ್ಯೂನಿಂಗ್ ಕತ್ತಲಲ್ಲಿ ತಡಕಾಡಿದ ಹಾಗೆ. ಸೆನ್ಸರ್ ತಲೆ ಮೇಲಕ್ಕಿರಲಿ. ಕೆಳಮುಖ ಹಾಕಿದರೆ ಹೊಗೆಯ ನೀರು ಅದರ ಮೇಲೇ ನಿಲ್ಲುತ್ತದೆ, ಬಿಸಿಯಾದೊಡನೆ ಒಳಗಿನ ಸೆರಾಮಿಕ್ ಒಡೆಯುತ್ತದೆ.

ವೈರಿಂಗ್

ಎರಡು ರಿಲೇ, ಒಂದೊಂದಕ್ಕೂ ಬೇರೆ ಫ್ಯೂಸ್. ಒಂದು ಇಸಿಯುಗೆ, ಇನ್ನೊಂದು ಪಂಪ್‌ಗೆ. ಕೀ ಹಾಕಿದಾಗ ಪಂಪ್ ಒಂದೆರಡು ಸೆಕೆಂಡ್ ಓಡಿ ನಿಲ್ಲಬೇಕು, ಎಂಜಿನ್ ತಿರುಗಿದಾಗ ಮತ್ತೆ ಓಡಬೇಕು, ಎಂಜಿನ್ ನಿಂತರೆ ತಾನೂ ನಿಲ್ಲಬೇಕು. ಕೀಗೆ ನೇರ ಜೋಡಿಸಿದರೆ ಗಾಡಿ ಬಿದ್ದು ಪೈಪ್ ಕಿತ್ತರೂ ಪಂಪ್ ಪೆಟ್ರೋಲ್ ಚೆಲ್ಲುತ್ತಲೇ ಇರುತ್ತದೆ. ಗಾಡಿ ಮಗುಚಿದರೆ ಕರೆಂಟ್ ಕಡಿಯುವ ಸ್ವಿಚ್ ಎಫ್‌ಐ ಬೈಕ್‌ಗಳಲ್ಲಿ ಇರುತ್ತದೆ. ಅದನ್ನೂ ತಂದು ಹಾಕಿ.

ಅರ್ಥ್ ವೈರ್ ಚಾಸಿಸ್‌ಗೆ ಸುಮ್ನೆ ಎಲ್ಲೋ ಕಚ್ಚಿಸಬೇಡಿ. ಇಸಿಯುನ ಅರ್ಥ್ ನೇರ ಬ್ಯಾಟರಿ ನೆಗೆಟಿವ್‌ಗೆ, ಸೆನ್ಸರ್‌ಗಳ ಅರ್ಥ್ ಇಸಿಯುಗೆ. ಯುಸಿಇ 350ರಲ್ಲಿ ಎರಡು ಸ್ಪಾರ್ಕ್ ಪ್ಲಗ್ ಇವೆ. ಎರಡೂ ರೆಸಿಸ್ಟರ್ ಮಾದರಿಯವೇ ಆಗಿರಲಿ. ಇಲ್ಲದಿದ್ದರೆ ಸ್ಪಾರ್ಕ್‌ನ ವಿದ್ಯುತ್ ಗದ್ದಲಕ್ಕೆ ಇಸಿಯು ಆಗಾಗ ರೀಸೆಟ್ ಆಗುತ್ತದೆ. ಗಾಡಿ ಮಿಸ್ ಹೊಡೆಯುತ್ತದೆ, ನೀವು ಪೆಟ್ರೋಲ್ ಕಡೆ ಹುಡುಕುತ್ತಾ ಕೂರುತ್ತೀರಿ.

ಪಂಪ್, ಇಸಿಯು, ಸೆನ್ಸರ್ ಹೀಟರ್ ಎಲ್ಲ ಸೇರಿದರೆ ಇನ್ನೊಂದು ಹೆಡ್‌ಲೈಟ್ ಹಾಕಿದಷ್ಟಾದರೂ ಕರೆಂಟ್ ಬೇಕು. ಎಲ್ಲ ಆನ್ ಮಾಡಿ, 2000 ಆರ್‌ಪಿಎಂನಲ್ಲಿ ಬ್ಯಾಟರಿ ಮೇಲೆ ಮೀಟರ್ ಹಿಡಿಯಿರಿ. 13.2 ವೋಲ್ಟ್‌ಗಿಂತ ಕಡಿಮೆ ಇದ್ದರೆ ಚಾರ್ಜಿಂಗ್ ಮೊದಲು ಸರಿ ಮಾಡಿ. ಬ್ಯಾಟರಿ ಪೂರ್ತಿ ಸತ್ತರೆ ಇನ್ನು ಕಿಕ್ ಹೊಡೆದು ಪ್ರಯೋಜನವಿಲ್ಲ, ಪಂಪ್ ಓಡಬೇಕಲ್ಲ.

ಟ್ಯೂನಿಂಗ್

ಮೊದಲ ಸಲ ಸ್ಟಾರ್ಟ್ ಮಾಡುವಾಗ ಪೆಟ್ರೋಲ್ ಸ್ವಲ್ಪ ಜಾಸ್ತಿಯೇ ಇರಲಿ. ಎಂಜಿನ್ ಹಿಡಿದ ಮೇಲೆ ಚೆನ್ನಾಗಿ ಬಿಸಿಯಾಗಲು ಬಿಡಿ, ಆಮೇಲೆ ಐಡ್ಲಿಂಗ್ ಹೊಂದಿಸಿ. ಆಕ್ಸಿಜನ್ ಸೆನ್ಸರ್‌ನ ಮೀಟರನ್ನು ಲ್ಯಾಂಬ್ಡಾದಲ್ಲಿ ಓದುವುದು ರೂಢಿ ಮಾಡಿಕೊಳ್ಳಿ. ಲ್ಯಾಂಬ್ಡಾ 1 ಅಂದರೆ ಗಾಳಿ-ಪೆಟ್ರೋಲ್ ಸರಿಸಮ, ಅದಕ್ಕಿಂತ ಕಡಿಮೆ ಅಂದರೆ ಪೆಟ್ರೋಲ್ ಜಾಸ್ತಿ. ಬರೀ ಪೆಟ್ರೋಲಿಗೆ 14.7 ಪಾಲು ಗಾಳಿ ಬೇಕು, ಇ20ಗೆ ಸುಮಾರು 13.5 ಸಾಕು. ಲ್ಯಾಂಬ್ಡಾದಲ್ಲಿ ಎರಡಕ್ಕೂ 1 ಅಂದರೆ 1. ಐಡ್ಲಿಂಗ್‌ಗೆ 0.92 ಆಸುಪಾಸು, ಆರಾಮಾಗಿ ಓಡಿಸುವಾಗ 0.95ರಿಂದ 1, ಫುಲ್ ಥ್ರಾಟಲ್‌ಗೆ 0.86. ಮೈಲೇಜ್ ಆಸೆಗೆ ಫುಲ್ ಥ್ರಾಟಲ್‌ನಲ್ಲಿ ಪೆಟ್ರೋಲ್ ಕಡಿಮೆ ಮಾಡಬೇಡಿ. ಗಾಳಿಯಲ್ಲೇ ತಣ್ಣಗಾಗುವ ಎಂಜಿನ್ ಅದನ್ನು ಸಹಿಸುವುದಿಲ್ಲ.

ಲ್ಯಾಪ್‌ಟಾಪನ್ನು ಬ್ಯಾಗಿನಲ್ಲಿಟ್ಟು ಲಾಗ್ ಆಗಲು ಬಿಡಿ. ಓಡಿಸುತ್ತಾ ಪರದೆ ನೋಡುವ ಹುಚ್ಚು ಸಾಹಸ ಬೇಡ. ನಿಲ್ಲಿಸಿ, ಲಾಗ್ ನೋಡಿ, ಇಸಿಯುನಲ್ಲಿರುವ ಪೆಟ್ರೋಲ್ ಲೆಕ್ಕದ ಟೇಬಲ್‌ನ ಆಯಾ ಮನೆ ತಿದ್ದಿ, ಮತ್ತೆ ಓಡಿಸಿ. ಸ್ಥಿರ ವೇಗದ್ದು ಸರಿಯಾದ ಮೇಲೆ ಮಾತ್ರ ಪಿಕಪ್ ಕಡೆ ಬನ್ನಿ. ಹ್ಯಾಂಡಲ್ ತಟ್ಟನೆ ತಿರುಗಿಸಿದಾಗ ಗಾಡಿ ಒಂದು ಕ್ಷಣ ಕೆಮ್ಮಿದರೆ ಆಕ್ಸಿಲರೇಷನ್‌ಗೆ ಕೊಡುವ ಹೆಚ್ಚುವರಿ ಪೆಟ್ರೋಲ್ ಏರಿಸಬೇಕು.

ಇನ್ನು ಘಾಟಿ. ಮುಳ್ಳಯ್ಯನಗಿರಿ ಸುಮಾರು 1,925 ಮೀಟರ್ ಎತ್ತರ. ಸಮುದ್ರಮಟ್ಟದಲ್ಲಿ 101 ಕಿಲೋಪಾಸ್ಕಲ್ ಇರುವ ಗಾಳಿಯ ಒತ್ತಡ ಅಲ್ಲಿ ಸುಮಾರು 80ಕ್ಕೆ ಇಳಿದಿರುತ್ತದೆ. ಕಾರ್ಬುರೇಟರ್ ಗಾಡಿಗಳು ಮೇಲೆ ಹೋಗುತ್ತಾ ಉಸಿರುಗಟ್ಟುವುದು ಇದಕ್ಕೇ. ಆಲ್ಫಾ-ಎನ್ ವಿಧಾನವೂ ಒತ್ತಡದ ಲೆಕ್ಕ ಕೊಡದಿದ್ದರೆ ಹಾಗೇ ಮಾಡುತ್ತದೆ. ಕೆಲವು ಇಸಿಯುಗಳು ಹೊರಗಿನ ಒತ್ತಡವನ್ನು ಕೀ ಹಾಕಿದಾಗ ಒಮ್ಮೆ ಮಾತ್ರ ಓದಿಟ್ಟುಕೊಳ್ಳುತ್ತವೆ. ಅಂಥದ್ದಾದರೆ ಚಿಕ್ಕಮಗಳೂರಿನಿಂದ ಹತ್ತುವಾಗ ದಾರಿಯಲ್ಲಿ ಒಮ್ಮೆ ನಿಲ್ಲಿಸಿ ಕೀ ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತದೆ. ಮ್ಯಾಪ್ ಸೆನ್ಸರ್‌ನ ಪೈಪನ್ನು ಮ್ಯಾನಿಫೋಲ್ಡ್‌ಗೆ ಜೋಡಿಸದೆ ಹೊರಗಿನ ಗಾಳಿಗೇ ಬಿಟ್ಟು, ಬಿಡದೆ ಓದುವಂತೆ ಹೊಂದಿಸಿದ್ದರೆ ಅದೂ ಬೇಡ.

ಮೊದಲ ನೂರು ಕಿಲೋಮೀಟರ್ ಆದಮೇಲೆ ಎಲ್ಲ ಕ್ಲಿಪ್‌ಗಳನ್ನೂ ಒಮ್ಮೆ ಮುಟ್ಟಿ ನೋಡಿ. ಬುಲೆಟ್ ನಡುಗುವ ಗಾಡಿ, ಕನೆಕ್ಟರ್‌ಗಳು ಸಡಿಲವಾಗುತ್ತವೆ. ಪಂಪ್ ಆದಮೇಲಿನ ಫಿಲ್ಟರನ್ನೂ ಆಗಲೇ ಬದಲಾಯಿಸಿಬಿಡಿ. ಹಳೇ ಟ್ಯಾಂಕ್‌ನ ತುಕ್ಕೆಲ್ಲ ಮೊದಲು ಬಂದು ಕೂರುವುದು ಅಲ್ಲೇ.