ಟೇಲ್ ವಾಟರ್‌ನಿಂದ ಮೇಲಕ್ಕೆ: ಜಲರಚನೆಗಳ ವಿನ್ಯಾಸ ಕಲಿತ ನನ್ನ ಅನುಭವ

ಗಾಜಿನ ತೊಟ್ಟಿಗೆ ನೀರು ಹಾಯಿಸುತ್ತ ಕುಳಿತರೆ ವಿನ್ಯಾಸ ಬರುವುದಿಲ್ಲ, ಸಾಫ್ಟ್‌ವೇರ್ ಕಲಿತುಕೊಳ್ಳಿ ಎಂದು ನನಗೆ ಬುದ್ಧಿ ಹೇಳಿದವರು ಒಬ್ಬಿಬ್ಬರಲ್ಲ. ಹೇಳಿದವರಲ್ಲಿ ಇಬ್ಬರು ಈಗ ತಮ್ಮ ಸ್ಟಿಲ್ಲಿಂಗ್ ಬೇಸಿನ್ (ರಭಸದಿಂದ ಬೀಳುವ ನೀರಿನ ಶಕ್ತಿ ತಗ್ಗಿಸುವ ತೊಟ್ಟಿ) ಲೆಕ್ಕಗಳನ್ನು ಒಮ್ಮೆ ನೋಡಿಕೊಡಿ ಎಂದು ನನಗೇ ಕಳುಹಿಸುತ್ತಾರೆ. ಅದಕ್ಕೇ ಇಷ್ಟು ಬರೆಯುವ ಧೈರ್ಯ ಬಂದಿದೆ.

ಹತ್ತು ವರ್ಷ ಕಟ್ಟಡಗಳ ಕಂಬ, ತೊಲೆ ಎಂದು ಕಬ್ಬಿಣ ಎಣಿಸಿಕೊಂಡಿದ್ದವನು ನಾನು. ನೀರಿನ ಕೆಲಸಕ್ಕೆ ಬಂದ ಮೇಲೆ ಮೊದಲು ಕೈಗೆ ಸಿಕ್ಕಿದ್ದು ನಾಲೆಯ ಮೇಲಿನ ಒಂದು ಸಣ್ಣ ಡ್ರಾಪ್, ಅಂದರೆ ನೀರನ್ನು ಮೆಟ್ಟಿಲಿನಂತೆ ಕೆಳಗಿಳಿಸುವ ಕಟ್ಟೆ. ಹರಿವು 4 ಕ್ಯುಮೆಕ್ಸ್ (ಸೆಕೆಂಡಿಗೆ 4 ಘನ ಮೀಟರ್) ಆಸುಪಾಸು, ನೀರು ಬೀಳುವ ಎತ್ತರ ಎರಡು ಮೀಟರ್. ಪುಸ್ತಕದ ಉದಾಹರಣೆಯನ್ನು ಪಕ್ಕದಲ್ಲಿಟ್ಟುಕೊಂಡು ಒಂದೇ ದಿನದಲ್ಲಿ ಮುಗಿಸಿದೆ. ಮೊದಲ ಹಂಗಾಮು ಮುಗಿಯುವಷ್ಟರಲ್ಲಿ ಏಪ್ರನ್‌ನ (ಕೆಳಗಿನ ಕಾಂಕ್ರೀಟ್ ಹಾಸಿನ) ಕೊನೆಯ ಎರಡು ಚಪ್ಪಡಿಗಳು ಕುಸಿದವು. ದುರಸ್ತಿಗೆ ಮೂಲ ಅಂದಾಜಿನ ಮೂರನೇ ಒಂದು ಭಾಗ ಹೋಯಿತು. ನನ್ನ ಮರ್ಯಾದೆ ಅದರಲ್ಲಿ ಸೇರಿಲ್ಲ.

ಲೆಕ್ಕವನ್ನು ಹತ್ತು ಸಲ ತಿರುವಿ ಹಾಕಿದೆ, ತಪ್ಪಿಲ್ಲ. ತಪ್ಪಿದ್ದದ್ದು ನಕ್ಷೆಯಿಂದ ಎತ್ತಿಕೊಂಡ ಒಂದೇ ಒಂದು ಅಂಕಿಯಲ್ಲಿ. ನಾಲೆ ತುಂಬಿ ಹರಿಯುವಾಗ ಕೆಳಗೆ ಎಷ್ಟು ಆಳ ನೀರು ನಿಲ್ಲುತ್ತದೆ (ಇದೇ ಟೇಲ್ ವಾಟರ್) ಎಂಬುದನ್ನು ಮಾತ್ರ ನಾನು ತೆಗೆದುಕೊಂಡಿದ್ದೆ. ಆದರೆ ಆ ನಾಲೆ ಹಂಗಾಮಿನ ಬಹುಪಾಲು ಅರ್ಧ ಹರಿವಿನಲ್ಲೇ ಓಡುತ್ತಿತ್ತು. ಸಾಲದ್ದಕ್ಕೆ ಹೂಳೆತ್ತುವವರು ಕೆಳಗಿನ ತಳವನ್ನು ಸುಮಾರು 40 ಸೆಂಟಿಮೀಟರ್ ಆಳ ಮಾಡಿಟ್ಟಿದ್ದರು. ವೇಗದ ತೆಳು ನೀರು ಒಮ್ಮೆಲೇ ಉಬ್ಬಿ ನಿಧಾನವಾಗುವ ಜಂಪ್, ಬೇಸಿನ್‌ನಲ್ಲಿ ನಿಲ್ಲದೆ ಏಪ್ರನ್ ದಾಟಿ ಹೊರಗೆ ಕುಣಿದಿತ್ತು.

ಅಂದಿನಿಂದ ನನ್ನ ಪದ್ಧತಿಯೇ ತಲೆಕೆಳಗಾಯಿತು. ಎಲ್ಲರೂ ಕ್ರೆಸ್ಟ್‌ನಿಂದ (ನೀರು ಉಕ್ಕಿ ಹರಿಯುವ ಕಟ್ಟೆಯ ನೆತ್ತಿಯಿಂದ) ಶುರು ಮಾಡಿ ಕೆಳಗೆ ಇಳಿಯುತ್ತಾರೆ. ನಾನು ಹಾಳೆಯ ಮೇಲೆ ಮೊದಲು ಟೇಲ್ ವಾಟರ್ ಕರ್ವ್ (ಯಾವ ಹರಿವಿಗೆ ಕೆಳಗೆ ಎಷ್ಟು ನೀರು ನಿಲ್ಲುತ್ತದೆ ಎಂಬ ಗೆರೆ) ಎಳೆಯುತ್ತೇನೆ. ಅದೇ ಹಾಳೆಯ ಮೇಲೆ ಕನಿಷ್ಠ ಐದು ಹರಿವುಗಳಿಗೆ ಜಂಪ್‌ಗೆ ಬೇಕಾದ ಆಳ ಗುರುತಿಸುತ್ತೇನೆ. ಎರಡು ಗೆರೆಗಳ ನಡುವಿನ ಅಂತರ ಕಣ್ಣಿಗೆ ಬಿದ್ದ ಮೇಲೆಯೇ ಕ್ರೆಸ್ಟ್ ಕಡೆ ತಲೆ ಎತ್ತುವುದು. ‘ಮನೆಗೆ ಮೊದಲು ಚರಂಡಿ ಕಟ್ಟುವವನು’ ಎಂದು ಒಬ್ಬ ಹಿರಿಯರು ಛೇಡಿಸಿದ್ದರು. ಕಟ್ಟಲಿ ಬಿಡಿ, ಚರಂಡಿ ಇಲ್ಲದ ಮನೆಯಲ್ಲಿ ಇರುವುದು ಅಷ್ಟು ಸುಖವೇ?

ಕಾಗದದ ಮೇಲೆ ನಂಬಿಕೆ ಬರಲಿಲ್ಲ, ಅದಕ್ಕೇ ಫ್ಲೂಮ್ (ನೀರು ಹರಿಸಿ ನೋಡುವ ಪಾರದರ್ಶಕ ಕಾಲುವೆ) ಕಟ್ಟಲು ಹೊರಟೆ. 3 ಮೀಟರ್ ಉದ್ದ, 15 ಸೆಂಟಿಮೀಟರ್ ಅಗಲ, 45 ಎತ್ತರ. ಮೊದಲನೆಯದನ್ನು ತೆಳು ಅಕ್ರಿಲಿಕ್‌ನಲ್ಲಿ ಮಾಡಿದೆ. ನೀರು ತುಂಬಿದೊಡನೆ ಪಕ್ಕದ ಹಾಳೆಗಳು ಹೊಟ್ಟೆ ಬಿಟ್ಟವು, ತಳದ ಅಂಟು ಬಿಟ್ಟುಕೊಂಡಿತು, ಒಂದು ತಿಂಗಳ ಸಂಬಳ ನೆಲದ ಮೇಲೆ ಹರಿದು ಹೋಯಿತು. ಎರಡನೆಯದಕ್ಕೆ ದಪ್ಪ ಗಾಜು, ಕಬ್ಬಿಣದ ಚೌಕಟ್ಟು. ಖರ್ಚು ಮೊದಲನೆಯದರ ದುಪ್ಪಟ್ಟು. ಗಾಜು ಮತ್ತು ಕಬ್ಬಿಣದ ನಡುವೆ ನಾನು ಏನು ಹಾಕಿದೆ ಎಂದು ಬಹಳ ಜನ ಕೇಳಿದ್ದಾರೆ. ಮೂರು ವರ್ಷದಿಂದ ಒಂದು ಹನಿ ಸೋರಿಲ್ಲ ಎಂದಷ್ಟೇ ಹೇಳುತ್ತೇನೆ.

ಎರಡು ಪಂಪ್ ಸೇರಿ ಸೆಕೆಂಡಿಗೆ 6 ಲೀಟರ್ ಕೊಡುತ್ತಿದ್ದವು. ಬಕೆಟ್ ಮತ್ತು ಗಡಿಯಾರ ಹಿಡಿದು ಅಳೆಯಲು ಹೋಗಿ ಬೇಸ್ತು ಬಿದ್ದೆ: 20 ಲೀಟರ್ ಬಕೆಟ್ ಮೂರೇ ಸೆಕೆಂಡಿನಲ್ಲಿ ತುಂಬಿದರೆ ಬೆರಳು ಅರ್ಧ ಸೆಕೆಂಡ್ ತಡವಾದರೂ ಲೆಕ್ಕ ಹಾಳು. 90 ಡಿಗ್ರಿ ವಿ-ನಾಚ್ (ಹರಿವು ಅಳೆಯುವ V ಆಕಾರದ ಕಚ್ಚು) ಕೂರಿಸಿದ ಮೇಲೆ ನೆಮ್ಮದಿ. 6 ಲೀಟರಿಗೆ ಅದರ ಮೇಲೆ ಸುಮಾರು 11 ಸೆಂಟಿಮೀಟರ್ ನೀರು ನಿಲ್ಲುತ್ತದೆ.

ಮರದಲ್ಲಿ ಓಗಿ (S ಆಕಾರದಲ್ಲಿ ಬಾಗಿದ ಬೆನ್ನಿನ ಕಟ್ಟೆ) ಕೆತ್ತಿ, ಮೇಣ ಬಳಿದು, ಪಂಪ್ ಹಾಕಿದೆ. ನೀರು ಓಗಿಯ ಬೆನ್ನ ಮೇಲೆ ಜಾರಿ ತಳ ಮುಟ್ಟಿ, ಗಾಜಿನ ಗೆರೆಯಂತೆ ತೆಳ್ಳಗೆ, ನೆಟ್ಟಗೆ ಆಚೆ ತುದಿಗೆ ಓಡಿತು. ಜಂಪ್ ಎಲ್ಲೂ ಇಲ್ಲ. ಅರ್ಧ ಗಂಟೆ ಸೂತ್ರವನ್ನು ಬೈದ ಮೇಲೆ ಹೊಳೆಯಿತು: ಟೇಲ್ ವಾಟರ್ ಎಂದು ಊರೆಲ್ಲ ಡಂಗುರ ಸಾರುವ ನಾನೇ ಫ್ಲೂಮ್‌ಗೆ ಟೇಲ್ ಗೇಟ್ ಇಟ್ಟಿರಲಿಲ್ಲ! ಒಂದು ಹಲಗೆಯನ್ನು ತುದಿಯಲ್ಲಿ ಇಳಿಬಿಟ್ಟು ಬೆರಳಗಲದಷ್ಟೇ ಏರಿಸುತ್ತ ಹೋದೆ. ದೂರದಲ್ಲಿ ಬಿಳಿ ನೊರೆಯ ಗೋಡೆಯೊಂದು ಎದ್ದಿತು. ಹಲಗೆ ಏರಿದಂತೆ ಅದು ಹಿಂದಕ್ಕೆ ಹಿಂದಕ್ಕೆ ತೆವಳಿ ಓಗಿಯ ಪಾದಕ್ಕೆ ಬಂದು ಕುಳಿತಿತು. ಸ್ಕೇಲ್ ಇಟ್ಟು ನೋಡಿದೆ, ಕೆಳಗಿನ ಆಳ 13 ಸೆಂಟಿಮೀಟರ್. ಲೆಕ್ಕದಲ್ಲಿ ಬಂದಿದ್ದದ್ದು 13.3. ಹಲಗೆಯನ್ನು ಒಂದು ಸೆಂಟಿಮೀಟರ್ ಇಳಿಸಿದರೆ ಸಾಕು, ಜಂಪ್ ಅಂಗೈ ಅಗಲಕ್ಕಿಂತ ಹೆಚ್ಚು ಮುಂದೆ ಓಡುತ್ತಿತ್ತು. ಜಂಪ್‌ನ ಹಿಂದು ಮುಂದಿನ ಆಳಗಳನ್ನು ಹೊಂದಿಸುವ ಬೆಲಾಂಜೆ ಸಮೀಕರಣವನ್ನು ನಾನು ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದೆ. ಅದು ಇಷ್ಟು ಚಂಚಲ ಪ್ರಾಣಿ ಎಂದು ಯಾರೂ ಹೇಳಿರಲಿಲ್ಲ.

ಒಂದು ಎಚ್ಚರಿಕೆ: ಕ್ರೆಸ್ಟ್ ಮೇಲೆ 3 ಸೆಂಟಿಮೀಟರ್‌ಗಿಂತ ಕಡಿಮೆ ನೀರಿದ್ದರೆ ಹರಿವಿನ ಕೋಎಫಿಶಿಯಂಟ್ (ಸೂತ್ರದ ಗುಣಾಂಕ) ಅಳೆಯಲು ಹೋಗಬೇಡಿ. ನೀರು ಅಂಟಿಕೊಂಡು ಇಳಿಯುತ್ತದೆ, ಅಂಕಿ ಸುಳ್ಳು ಹೇಳುತ್ತದೆ. ನಾನು ಎರಡು ವಾರ ಹೀಗೆ ಕಳೆದಿದ್ದೇನೆ.

ಅಡಿಪಾಯದ ಸೋರಿಕೆ ಕಲಿಯಲು ಬೇರೆಯೇ ತೊಟ್ಟಿ ಬೇಕಾಯಿತು. ಹಳೆಯ ಮೀನಿನ ತೊಟ್ಟಿಗೆ ಮರಳು ತುಂಬಿ, ಮೇಲೆ 60 ಸೆಂಟಿಮೀಟರ್ ಉದ್ದದ ಹಲಗೆಯನ್ನೇ ಫ್ಲೋರ್ (ರಚನೆಯ ತಳಹಾಸು) ಎಂದುಕೊಂಡು, ಒಂದು ಕಡೆ 20 ಸೆಂಟಿಮೀಟರ್ ಹೆಡ್ (ನೀರಿನ ಮಟ್ಟದ ವ್ಯತ್ಯಾಸ) ಕೊಟ್ಟೆ. ನೆಲದೊಳಗೆ ಇಳಿಸುವ ಶೀಟ್ ಪೈಲ್ ತಡೆಗೋಡೆಯ ಬದಲು 10 ಸೆಂಟಿಮೀಟರ್ ತಗಡು. ಅದನ್ನು ಮೊದಲು ಮೇಲ್ಗಡೆ ತುದಿಗೆ ಇಳಿಸಿದೆ. ಕೆಲವೇ ನಿಮಿಷದಲ್ಲಿ ಕೆಳತುದಿಯ ಅಂಚಿನ ಮರಳು ಎಸರು ಕುದಿದಂತೆ ಮರಳತೊಡಗಿತು. ಸಣ್ಣ ಸಣ್ಣ ಬುಗ್ಗೆಗಳು, ಪ್ರತಿಯೊಂದರ ಸುತ್ತ ಮರಳಿನ ಪುಟ್ಟ ಗುಪ್ಪೆ. ಅದೇ ತಗಡನ್ನು ಕಿತ್ತು ಕೆಳತುದಿಗೆ ಇಳಿಸಿ ಅದೇ ಹೆಡ್ ಕೊಟ್ಟೆ. ಒಂದು ಕಾಳೂ ಅಲುಗಲಿಲ್ಲ. ಸೋರುವ ನೀರಿನ ದಾರಿಯ ಉದ್ದವನ್ನಷ್ಟೇ (ಕ್ರೀಪ್ ಉದ್ದ) ನೋಡುವ ಬ್ಲೈ ಲೆಕ್ಕದಲ್ಲಿ ಎರಡೂ ಒಂದೇ, ಆ ಉದ್ದ ಬದಲಾಗಿಲ್ಲ. ಖೋಸ್ಲಾ ಲೆಕ್ಕದಲ್ಲಿ ಕೆಳತುದಿಗೆ ಪೈಲ್ ಇಲ್ಲದಿದ್ದರೆ ಎಕ್ಸಿಟ್ ಗ್ರೇಡಿಯಂಟ್ (ಸೋರಿದ ನೀರು ಹೊರಬರುವಲ್ಲಿ ಮರಳನ್ನು ಎತ್ತುವ ಒತ್ತಡದ ಇಳಿಜಾರು) ಅನಂತ, ಇದ್ದರೆ ಸುಮಾರು ಮೂರರಲ್ಲೊಂದು. 1898ರಲ್ಲಿ ಗಂಗಾ ನದಿಯ ನರೋರಾ ವಿಯರ್ (ಅಡ್ಡಗಟ್ಟೆ) ಏಕೆ ಎದ್ದು ಹೋಯಿತು ಎಂಬ ಪಾಠ ಎಷ್ಟೋ ಸಲ ಓದಿದ್ದೆ. ಈ ತೊಟ್ಟಿಯ ಮುಂದೆ ಕುಳಿತ ಮೇಲೆ ಕೆಳತುದಿಯ ಕಟ್ ಆಫ್ (ನೆಲದೊಳಗಿನ ತಡೆಗೋಡೆ) ಮೇಲೆ ಚೌಕಾಸಿ ಮಾಡುವುದನ್ನು ಬಿಟ್ಟೆ.

ಅಲ್ಲಿಂದ ದಾರಿ ತಪ್ಪಿ ವಿದ್ಯುತ್ ಸಾದೃಶ್ಯಕ್ಕೂ, ಅಂದರೆ ಸೋರುವ ನೀರಿನ ಬದಲು ವಿದ್ಯುತ್ ಹರಿಸಿ ಅಳೆಯುವುದಕ್ಕೂ, ಕೈ ಹಾಕಿದೆ. ಉಪ್ಪುನೀರಿನ ತಟ್ಟೆ, ಎರಡು ತಾಮ್ರದ ಪಟ್ಟಿ, ನಡುವೆ ಪ್ಲಾಸ್ಟಿಕ್‌ನ ಫ್ಲೋರ್. ಬ್ಯಾಟರಿ ಹಾಕಿದರೆ ಪಟ್ಟಿಗಳ ಮೇಲೆ ಗುಳ್ಳೆ ಕಟ್ಟಿ ಓದುವಿಕೆ ತೇಲಾಡುತ್ತಿತ್ತು. ಸಣ್ಣ ಟ್ರಾನ್ಸ್‌ಫಾರ್ಮರ್‌ನಿಂದ ಕಡಿಮೆ ವೋಲ್ಟೇಜಿನ ಎಸಿ ಕೊಟ್ಟ ಮೇಲೆ ನಿಂತಿತು. ಅಪ್‌ಲಿಫ್ಟ್ (ಫ್ಲೋರನ್ನು ಕೆಳಗಿನಿಂದ ಎತ್ತುವ ಒತ್ತಡ) ಶೇಕಡಾವಾರು ಖೋಸ್ಲಾ ಕರ್ವ್‌ಗಳಿಗೆ ಮೂರು ನಾಲ್ಕು ಅಂಕಗಳ ಒಳಗೇ ಬಂತು. ಇದರಿಂದ ಕಾಸಿನ ಪ್ರಯೋಜನವಾಗಲಿಲ್ಲ, ಆದರೂ ಆ ವಾರದಷ್ಟು ಸಂತೋಷವಾಗಿ ನಾನು ಕೆಲಸ ಮಾಡಿದ್ದು ನೆನಪಿಲ್ಲ.

ಇದರ ಜೊತೆಗೇ ನಡೆದದ್ದು ಹಳೆಯ ರಚನೆಗಳನ್ನು ಹಿಂದಿನಿಂದ ಮುಂದಕ್ಕೆ ಓದುವ ಅಭ್ಯಾಸ. ಟೇಪ್ ಮತ್ತು ಲೆವೆಲ್ ಹಿಡಿದು ಹೋಗಿ ಕ್ರೆಸ್ಟ್ ಉದ್ದ, ಬೇಸಿನ್ ಆಳ, ಗೋಡೆಯ ಮೇಲಿನ ನೀರಿನ ಕಲೆ ಅಳೆದು, ವಿನ್ಯಾಸ ಮಾಡಿದವರು ಎಷ್ಟು ಹರಿವು ಹಿಡಿದಿದ್ದರು ಎಂದು ಊಹಿಸುವುದು, ಆಮೇಲೆ ಹಳೆಯ ನಕ್ಷೆಗೆ ತಾಳೆ ನೋಡುವುದು. ಹದಿನಾಲ್ಕರಲ್ಲಿ ಒಂಬತ್ತು ಶೇಕಡಾ 20ರ ಒಳಗೆ ಸಿಕ್ಕವು. ತಪ್ಪಿದ ಐದರಿಂದ ಕಲಿತದ್ದೇ ಹೆಚ್ಚು, ಅದರಲ್ಲೂ ಗೇಟುಗಳಿದ್ದವುಗಳಿಂದ.

ಇಷ್ಟೆಲ್ಲ ಫಲ ಕೊಟ್ಟದ್ದು 36 ಮೀಟರ್ ಉದ್ದದ ಒಂದು ವಿಯರ್‌ನಲ್ಲಿ. ಪ್ರವಾಹ 180 ಕ್ಯುಮೆಕ್ಸ್, ಅಂದರೆ ಮೀಟರಿಗೆ 5. ಬೇಸಿನ್ ತಳದಿಂದ ಹೆಡ್ ಏಳೂವರೆ ಮೀಟರ್. ಎತ್ತರದಲ್ಲಿ ನನ್ನ ಫ್ಲೂಮ್‌ನ ಮಾದರಿಯ 25 ಪಟ್ಟು ಸರಿಯಾಗಿ! ಬೇರೆಯವರು ಮಾಡಿದ್ದ ವಿನ್ಯಾಸ ಪ್ರವಾಹದ ಹರಿವಿಗೆ ಸರಿಯಾಗಿತ್ತು: ಜಂಪ್‌ಗೆ 3.3 ಮೀಟರ್ ಆಳ ಬೇಕು, ಟೇಲ್ ವಾಟರ್ 3.4 ಸಿಗುತ್ತದೆ. ‘ಸುರಕ್ಷತೆಗಾಗಿ’ ಏಪ್ರನ್ ಮಾತ್ರ 30 ಮೀಟರ್ ಎಳೆದಿದ್ದರು. ನಾನು ಐದು ಹರಿವುಗಳನ್ನೂ ಹಾಕಿದೆ. ಶೇಕಡಾ 40ರ ಹರಿವಿನಲ್ಲಿ 2.1 ಮೀಟರ್ ಬೇಕು, ಸಿಗುವುದು 1.9. ಮುಂದೆ ನದಿಯ ತಳ ಸವೆದು ಇಳಿಯುವುದನ್ನೂ ಕಳೆದರೆ 1.4. ಈ ಇಳಿತ ಪ್ರವಾಹಕ್ಕಿಂತ ಸಣ್ಣ ಹರಿವಿನಲ್ಲೇ ಹೆಚ್ಚು ಕಾಡುತ್ತದೆ ಎಂಬುದು ನಿಮಗೂ ಗೊತ್ತು, ಆದರೂ ಅದನ್ನು ಪ್ರವಾಹಕ್ಕೆ ಮಾತ್ರ ಕಳೆದು ಕೈತೊಳೆದುಕೊಳ್ಳುವವರೇ ಜಾಸ್ತಿ.

ಫ್ಲೂಮ್‌ನಲ್ಲಿ ಓಡಿಸಿ ತೋರಿಸಿದೆ. ಏಪ್ರನ್ ಉದ್ದ ಮಾಡಿ ಪ್ರಯೋಜನವಿಲ್ಲ, ಜಂಪ್ ಅದರ ಮೇಲೆಯೇ ಜಾರಿಕೊಂಡು ಹೋಗುತ್ತದೆ. ತಳವನ್ನು 80 ಸೆಂಟಿಮೀಟರ್ ಇಳಿಸಿ, ಉದ್ದವನ್ನು 22 ಮೀಟರ್‌ಗೆ ಕಡಿತ ಮಾಡಿ, ಕೊನೆಯ ಕಟ್ ಆಫ್ ಆಳ ಮಾಡಿದೆ. ಕಾಂಕ್ರೀಟ್ ಆರನೇ ಒಂದು ಭಾಗ ಉಳಿಯಿತು. ಅಗೆತ ಹೆಚ್ಚಾದದ್ದನ್ನು ಕಳೆದರೂ ಒಟ್ಟು ವೆಚ್ಚದಲ್ಲಿ ಹತ್ತರಲ್ಲೊಂದು ಪಾಲು ಇಳಿಯಿತು. ಒಂದು ಅಧಿಕೃತ ಪ್ರಯೋಗಾಲಯದ ದೊಡ್ಡ ಮಾದರಿಯಲ್ಲಿ ಪರೀಕ್ಷಿಸಿದರು. ಜಂಪ್ ನಾನು ಗುರುತು ಹಾಕಿದ್ದ ಜಾಗದಿಂದ ಒಂದು ಮೀಟರ್ ಆಚೀಚೆ ನಿಂತಿತು. ಮೂರು ಮಳೆಗಾಲ ಕಳೆದಿವೆ, ಏಪ್ರನ್ ಹಾಗೇ ಇದೆ.

ಹೆಕ್‌ರಾಸ್ (ನದಿ ಹರಿವಿನ ಲೆಕ್ಕ ಹಾಕುವ ಸಾಫ್ಟ್‌ವೇರ್) ಬಳಸುವುದಿಲ್ಲವೇ ಎಂದು ಕೇಳುವವರಿಗೆ: ಬಳಸುತ್ತೇನೆ, ಟೇಲ್ ವಾಟರ್ ಕರ್ವ್ ತೆಗೆಯಲು ಅದಕ್ಕಿಂತ ಸಲೀಸು ಯಾವುದೂ ಇಲ್ಲ. ಆದರೆ ತಳದ ಒರಟುತನ ಸೂಚಿಸುವ ಮ್ಯಾನಿಂಗ್ ‘ಎನ್’ ಅನ್ನು 0.035 ಬದಲು 0.025 ಕೊಟ್ಟರೂ ಅದು ಅಷ್ಟೇ ಚಂದದ ನೀಲಿ ಚಿತ್ರ ಬರೆದುಕೊಡುತ್ತದೆ. ಮಾಪನವೇ ಇಲ್ಲದ ಹಳ್ಳಗಳಿಗೆ ಆ ‘ಎನ್’ ಅನ್ನು ನಾನು ಹೇಗೆ ಆರಿಸುತ್ತೇನೆ ಎಂಬುದು ನನ್ನ ಹೊಟ್ಟೆಪಾಡಿನ ಗುಟ್ಟು, ಕ್ಷಮಿಸಿ.

ಈಗ ಫ್ಲೂಮ್‌ನಲ್ಲಿ ಸ್ಕೀ ಜಂಪ್ ಬಕೆಟ್ (ನೀರನ್ನು ಗಾಳಿಗೆ ಚಿಮ್ಮಿಸಿ ದೂರ ಬೀಳಿಸುವ ಬಾಗಿದ ತುದಿ) ಕೂರಿಸಿದ್ದೇನೆ. ತುಟಿಯ ಕೋನ 30 ಡಿಗ್ರಿ ಇಟ್ಟರೆ ನೀರು ಲೆಕ್ಕ ಹಾಕಿದ ಜಾಗದಲ್ಲೇ ಬೀಳುತ್ತದೆ; 40 ಇಟ್ಟ ದಿನ ತೊಟ್ಟಿ ದಾಟಿ ಎದುರು ಗೋಡೆಗೆ ಬಡಿಯಿತು. ಸದ್ಯ ಗೋಡೆಗೆ ಪ್ಲಾಸ್ಟಿಕ್ ಹಾಳೆ ಹೊಡೆದು ಮುಂದುವರಿಸಿದ್ದೇನೆ.